‘ನಿಮ್ಮ ಕಡೆಯಿಂದ ಏನಾದ್ರೂ ಕೇಳೋದಿದೆಯಾ?’ ಅಂದಾಗ

ಪ್ರಶ್ನೆ: ನನಗೆ 24 ವರ್ಷ. ಬಿ.ಕಾಂ. ಮುಗಿಸಿ ಎರಡು ವರ್ಷದಿಂದ ತಿಪಟೂರಿನಲ್ಲೇ ಒಬ್ಬ ಆಡಿಟರ್ ಹತ್ತಿರ ಟ್ಯಾಲಿ, ಜಿಎಸ್‌ಟಿ ಕೆಲಸ ನೋಡಿಕೊಳ್ಳುತ್ತಿದ್ದೇನೆ. ಬೆಂಗಳೂರಿನಲ್ಲಿ ಎರಡು ಕಂಪನಿಗಳ ಇಂಟರ್‌ವ್ಯೂಗೆ ಹೋಗಿದ್ದೆ. ಎರಡೂ ಕಡೆ ಕೊನೆಗೆ ‘ಏನಾದ್ರೂ ಕೇಳೋದಿದೆಯಾ?’ ಅಂದರು. ‘ನೋ ಸರ್, ಥ್ಯಾಂಕ್ಯೂ ಸರ್’ ಅಂತ ಎದ್ದು ಬಂದೆ. ಎರಡೂ ಆಗಲಿಲ್ಲ. ಮುಂದಿನ ವಾರ ಪೀಣ್ಯದ ಒಂದು ಕಂಪನಿಯವರು ಅಕೌಂಟ್ಸ್ ಕೆಲಸಕ್ಕೆ ಕರೆದಿದ್ದಾರೆ. ಫೋನ್ ಮಾಡಿದ ಎಚ್‌ಆರ್ ಮೇಡಂ ‘ಎರಡು ವರ್ಷದ ಬಾಂಡ್ ಇರುತ್ತೆ, ಒರಿಜಿನಲ್ ಮಾರ್ಕ್ಸ್ ಕಾರ್ಡ್ ತನ್ನಿ’ ಅಂದಿದ್ದಾರೆ. ಅದರ ಬಗ್ಗೆ ಕೇಳಬೇಕು ಅನ್ನಿಸುತ್ತದೆ. ಅಪ್ಪ ಮಾತ್ರ ‘ಕೆಲಸ ಕೊಡೋರನ್ನ ನಾವೇ ಪ್ರಶ್ನೆ ಕೇಳೋದಾ? ಕೊಬ್ಬು ಅಂದ್ಕೋತಾರೆ, ಸುಮ್ನೆ ಇರು’ ಅಂತಾರೆ. ಚಿಕ್ಕಪ್ಪನ ಮಗ ಇಂಗ್ಲಿಷಿನಲ್ಲಿ ಒಂದಷ್ಟು ಪ್ರಶ್ನೆಗಳನ್ನು ವಾಟ್ಸಾಪ್ ಮಾಡಿ, ಬಾಯಿಪಾಠ ಮಾಡ್ಕೋ ಅಂದಿದ್ದಾನೆ. ಯಾರ ಮಾತು ಕೇಳಲಿ?
– ಹೆಸರು ಬೇಡ, ತಿಪಟೂರು

ಉತ್ತರ: ಇಬ್ಬರದೂ ಬೇಡ. ಮೊದಲು ಒಂದು ಭಾರ ಇಳಿಸಿಕೊಳ್ಳಿ. ಆ ಎರಡು ಕೆಲಸ ‘ನೋ ಸರ್’ ಅಂದಿದ್ದಕ್ಕೇ ಕೈತಪ್ಪಿದವು ಅಂದುಕೊಳ್ಳಬೇಡಿ. ಮಾತು ಅಲ್ಲಿಗೆ ಬರುವ ಹೊತ್ತಿಗೆ ಸಾಮಾನ್ಯವಾಗಿ ಅವರು ಒಂದು ತೀರ್ಮಾನಕ್ಕೆ ಬಂದಿರುತ್ತಾರೆ. ಆ ಕೊನೆಯ ಐದು ನಿಮಿಷದಿಂದ ಉಪಯೋಗ ಅವರಿಗಿಂತ ನಿಮಗೇ ಜಾಸ್ತಿ.

ಅಪ್ಪನ ಅಂಜಿಕೆ ಅರ್ಥವಾಗುತ್ತದೆ. ಆದರೆ ನಾಳೆ ನಿಮಗೊಂದು ಸಂಬಂಧ ಬಂತು ಅಂದುಕೊಳ್ಳಿ. ಇದೇ ಅಪ್ಪ ಗಂಡಿನ ಮನೆಗೆ ಹೋಗಿ ಉಪ್ಪಿಟ್ಟು ಕೇಸರಿಬಾತ್ ತಿಂದು ಸುಮ್ನೆ ಎದ್ದು ಬರುತ್ತಾರಾ? ತೆಂಗಿನ ತೋಟ ಎಷ್ಟು, ಸಾಲ ಎಷ್ಟು, ಹುಡುಗ ಸಂಜೆ ಹೊತ್ತು ಎಲ್ಲಿರುತ್ತಾನೆ, ಎಲ್ಲ ವಿಚಾರಿಸದೆ ಬಿಡುವುದಿಲ್ಲ. ಅದನ್ನು ಯಾರೂ ಕೊಬ್ಬು ಅನ್ನುವುದಿಲ್ಲ ಅಲ್ವಾ?

ಇನ್ನು ವಾಟ್ಸಾಪ್ ಪಟ್ಟಿ. ಅದರಲ್ಲಿ ಏನಿರುತ್ತದೆ ಅಂತ ನೋಡದೇ ಹೇಳುತ್ತೇನೆ. ಕಂಪನಿಯ ವಿಷನ್ ಏನು, ಐದು ವರ್ಷದಲ್ಲಿ ಕಂಪನಿ ಎಲ್ಲಿರುತ್ತದೆ, ವರ್ಕ್ ಕಲ್ಚರ್ ಹೇಗಿದೆ. ಮೇಜಿನ ಆ ಕಡೆ ಕೂತವರು ಇದನ್ನು ಕೇಳಿ ಕೇಳಿ ಸುಸ್ತಾಗಿರುತ್ತಾರೆ. ಉತ್ತರವೂ ಬಾಯಿಪಾಠದ್ದೇ ಬರುತ್ತದೆ: ‘ನಾವೆಲ್ಲ ಇಲ್ಲಿ ಒಂದು ಫ್ಯಾಮಿಲಿ ಥರ.’ ಯಾರಿಗೂ ಏನೂ ತಿಳಿಯಲಿಲ್ಲ.

ನೀವು ಕೇಳಬೇಕಾದದ್ದು ನಿಮ್ಮ ಕೆಲಸದಿಂದಲೇ ಹುಟ್ಟಿದ ಪ್ರಶ್ನೆ. ಪ್ರತಿ ತಿಂಗಳು 14ಕ್ಕೆ ಜಿಎಸ್‌ಟಿಆರ್-2ಬಿ (ಸಪ್ಲೈಯರ್‌ಗಳು ತೋರಿಸಿದ ಬಿಲ್‌ಗಳ ಪಟ್ಟಿ) ಬಂದು, 20ಕ್ಕೆ 3ಬಿ (ತಿಂಗಳ ತೆರಿಗೆ ರಿಟರ್ನ್) ಹಾಕುವ ತನಕದ ದಿನಗಳು ಹೇಗಿರುತ್ತವೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಅದನ್ನೇ ಕೇಳಿ: ‘ಸರ್, ಪರ್ಚೇಸ್ ಬಿಲ್‌ಗಳು ಅಕೌಂಟ್ಸ್‌ಗೆ ಎಷ್ಟನೇ ತಾರೀಖಿಗೆ ಬರ್ತವೆ? ಸಪ್ಲೈಯರ್ ಬಿಲ್ 2ಬಿಯಲ್ಲಿ ಕಾಣಿಸದಿದ್ದರೆ ಅವರ ಪೇಮೆಂಟ್ ಹೋಲ್ಡ್ ಮಾಡ್ತೀರಾ? ಅವರ ಬೆನ್ನು ಹತ್ತೋದು ಯಾರ ಕೆಲಸ?’ ರೆಸ್ಯೂಮೆಯಲ್ಲಿ ‘ಜಿಎಸ್‌ಟಿ ಗೊತ್ತು’ ಅಂತ ಬರೆದವರು ಎಷ್ಟೋ ಜನ. ಸಪ್ಲೈಯರ್ ರಿಟರ್ನ್ ಹಾಕದೆ, ಖರೀದಿಗೆ ಕಟ್ಟಿದ ತೆರಿಗೆಯ ಕ್ರೆಡಿಟ್ ಸಿಕ್ಕಿಹಾಕಿಕೊಂಡಾಗ ಅವನಿಗೆ ಫೋನ್ ಮೇಲೆ ಫೋನ್ ಮಾಡಿದವರಿಗೆ ಮಾತ್ರ ಈ ಪ್ರಶ್ನೆ ಹೊಳೆಯುತ್ತದೆ. ಎದುರಿಗೆ ಕೂತ ಮ್ಯಾನೇಜರಿಗೂ ಅದು ತಿಳಿಯುತ್ತದೆ. ಉತ್ತರವೂ ನಿಮಗೆ ಬೇಕಾದದ್ದೇ. ‘ಅಯ್ಯೋ, ಬಿಲ್ ಎಲ್ಲ 18, 19ಕ್ಕೇ ಬರೋದಮ್ಮ’ ಅಂತ ಅವರು ನಕ್ಕರೆ, ಪ್ರತಿ ತಿಂಗಳ 19ರ ರಾತ್ರಿ ನೀವು ಎಲ್ಲಿರುತ್ತೀರಿ ಅಂತ ಅಲ್ಲೇ ಗೊತ್ತಾಯಿತು.

ಹೇಗೆ ಕೇಳುತ್ತೀರಿ ಅನ್ನುವುದರಲ್ಲೂ ಸ್ವಲ್ಪ ಜಾಣತನ ಬೇಕು. ‘ಇಲ್ಲಿ ಲೇಟ್ ಆಗುತ್ತಾ?’ ಅಂದರೆ ‘ಯಾವಾಗಲೋ ಒಮ್ಮೆ’ ಅಂತಾರೆ. ‘ಕಳೆದ ತಿಂಗಳು ಮಂತ್ ಎಂಡ್‌ನಲ್ಲಿ ಟೀಮ್ ಎಷ್ಟು ಗಂಟೆಗೆ ಹೊರಟಿತು?’ ಅಂತ ಕೇಳಿ ನೋಡಿ. ನಡೆದದ್ದನ್ನು ಕೇಳಿದಾಗ ಸುಳ್ಳು ಹೇಳುವುದು ಸ್ವಲ್ಪ ಕಷ್ಟ. ಹಾಗೆಯೇ ‘ಈ ಜಾಗದಲ್ಲಿ ಮೊದಲು ಯಾರಿದ್ದರು?’ ಅಂತಲೂ ಕೇಳಬಹುದು. ಹಳಬರಿಗೆ ಪ್ರಮೋಷನ್ ಆಯಿತು ಅಂದರೆ ಒಳ್ಳೆಯದು, ಹೊಸ ಪೋಸ್ಟ್ ಅಂದರೂ ಸರಿ. ಎದುರಿಗೆ ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರೆ ಹುಷಾರು!

ಇಷ್ಟು ಸಾಕು. ಎರಡು ಪ್ರಶ್ನೆ, ಜಾಸ್ತಿ ಅಂದರೆ ಮೂರು. ಅವರು ಕನ್ನಡದಲ್ಲಿ ಮಾತಾಡಿದ್ದರೆ ಕನ್ನಡದಲ್ಲೇ ಕೇಳಿ. ಇಲ್ಲದಿದ್ದರೆ ಬಂದಷ್ಟು ಇಂಗ್ಲಿಷಿನಲ್ಲಿ. ಹೇಗೂ ಅಕೌಂಟ್ಸ್‌ನಲ್ಲಿ ಮುಕ್ಕಾಲು ಪಾಲು ಮಾತು ಇಂಗ್ಲಿಷೇ.

ಸಂಬಳ, ರಜೆ, ಪಿಎಫ್ ವಿಷಯವನ್ನು ಅಕೌಂಟ್ಸ್ ಮ್ಯಾನೇಜರ್ ಹತ್ತಿರ ಎತ್ತಬೇಡಿ. ಅದು ಎಚ್‌ಆರ್ ಹತ್ತಿರ. ಸಿಟಿಸಿ (ವರ್ಷಕ್ಕೆ ನಿಮ್ಮ ಮೇಲೆ ಕಂಪನಿ ಮಾಡುವ ಒಟ್ಟು ಖರ್ಚು) 3 ಲಕ್ಷ ಅಂದ ಮಾತ್ರಕ್ಕೆ ತಿಂಗಳಿಗೆ 25 ಸಾವಿರ ಕೈಗೆ ಬರುವುದಿಲ್ಲ ಅಂತ ನಿಮಗೆ ಗೊತ್ತೇ ಇದೆ. ಕಂಪನಿ ಕಟ್ಟುವ ಪಿಎಫ್ ಪಾಲನ್ನೂ ಗ್ರಾಚ್ಯುಟಿಯನ್ನೂ ಬಹಳಷ್ಟು ಕಡೆ ಅದರೊಳಗೇ ತೋರಿಸಿರುತ್ತಾರೆ. ‘ಕೈಗೆ ಎಷ್ಟು ಬರುತ್ತೆ ಮೇಡಂ, ಬ್ರೇಕಪ್ ಕೊಡ್ತೀರಾ?’ ಅಂದರೆ ಮುಗಿಯಿತು. ಇಯರ್ ಎಂಡ್‌ನಲ್ಲಿ ರಾತ್ರಿ ಆದರೆ ಕ್ಯಾಬ್ ಉಂಟಾ ಅಂತಲೂ ಅವರನ್ನೇ ಕೇಳಿ.

ಈಗ ಬಾಂಡ್ ವಿಷಯಕ್ಕೆ ಬರೋಣ. ನಿಮ್ಮ ಪತ್ರದಲ್ಲಿ ನನಗೆ ಚಿಂತೆ ಹತ್ತಿಸಿದ್ದು ಇದೇ. ಎರಡು ವರ್ಷ ಅಂದರೆ ಸೇರಿದ ದಿನದಿಂದಲಾ, ಪ್ರೊಬೇಷನ್ ಮುಗಿದ ಮೇಲಾ? ಮಧ್ಯೆ ಬಿಟ್ಟರೆ ಎಷ್ಟು ಕಟ್ಟಬೇಕು? ಒಂದೂವರೆ ವರ್ಷ ದುಡಿದವರೂ ಪೂರ್ತಿ ಕಟ್ಟಬೇಕಾ, ಉಳಿದ ತಿಂಗಳುಗಳ ಲೆಕ್ಕಕ್ಕಾ? ಅವರೇ ಕೆಲಸದಿಂದ ತೆಗೆದರೆ ಏನು ಕಥೆ? ಸಹಿ ಹಾಕುವ ಮೊದಲು ಮನೆಗೆ ತಂದು ಓದಲು ಒಂದು ಪ್ರತಿ ಕೊಡುತ್ತಾರಾ?

‘ಬಾಂಡ್ ಎಲ್ಲ ಬರೀ ಹೆದರಿಸೋಕೆ, ಕೋರ್ಟಲ್ಲಿ ನಿಲ್ಲಲ್ಲ’ ಅಂತ ಯಾರಾದರೂ ಧೈರ್ಯ ಹೇಳಿದರೆ ನಂಬಬೇಡಿ. ವಿಜಯಾ ಬ್ಯಾಂಕ್ ಪ್ರಕರಣದಲ್ಲಿ, ಮೂರು ವರ್ಷಕ್ಕೆ ಮೊದಲೇ ಕೆಲಸ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕು ಅನ್ನುವ ಷರತ್ತನ್ನು ಕರ್ನಾಟಕ ಹೈಕೋರ್ಟ್ ಒಪ್ಪಿರಲಿಲ್ಲ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ಷರತ್ತು ಸರಿ ಅಂದಿತು. ಹಾಗಂತ ಎಲ್ಲ ಬಾಂಡೂ ನಿಲ್ಲುತ್ತದೆ ಅಂತಲ್ಲ. ಅದು ಸರ್ಕಾರಿ ಬ್ಯಾಂಕು, ಕೆಲಸ ಬಿಟ್ಟವರು ಒಳ್ಳೆಯ ಸಂಬಳದ ಹಿರಿಯ ಅಧಿಕಾರಿ. ಅದನ್ನೂ ಕೋರ್ಟ್ ಗಮನಿಸಿತು. ನಿಮ್ಮ ವಿಷಯದಲ್ಲಿ ಲೆಕ್ಕ ಬೇರೆ ಆಗಬಹುದು. ಆದರೆ ಆಮೇಲೆ ಕೋರ್ಟು ಕಚೇರಿ ಅಲೆಯುವುದಕ್ಕಿಂತ ಸಹಿಗೆ ಮೊದಲೇ ನಾಲ್ಕು ಮಾತು ಕೇಳುವುದು ಅಗ್ಗ.

ಒರಿಜಿನಲ್ ಮಾರ್ಕ್ಸ್ ಕಾರ್ಡ್ ವಿಷಯದಲ್ಲಿ ನಾನು ಹಠಮಾರಿ. ತೋರಿಸಿ, ಅವರು ನೋಡಲಿ, ಸಹಿ ಮಾಡಿದ ಜೆರಾಕ್ಸ್ ಕೊಡಿ, ಒರಿಜಿನಲ್ ಬ್ಯಾಗಿಗೆ ಹಾಕಿಕೊಂಡು ಬನ್ನಿ. ‘ಬಾಂಡ್ ಮುಗಿಯೋ ತನಕ ನಮ್ಮ ಹತ್ತಿರಾನೇ ಇರುತ್ತೆ’ ಅಂದರೆ ಆ ಕೆಲಸವೇ ಬೇಡ. ನಿಮಗೆ ಕೈಯಲ್ಲಿ ಒಂದು ಕೆಲಸ ಇದೆ. ಬೇಡ ಅನ್ನುವ ಅನುಕೂಲ ಇದೆ.

ಇದನ್ನು ಕೇಳಲು ಇಂಟರ್‌ವ್ಯೂ ದಿನದ ತನಕ ಕಾಯುವುದೂ ಬೇಡ. ಯಶವಂತಪುರಕ್ಕೆ ರೈಲು ಹತ್ತುವ ಮೊದಲೇ ಆ ಎಚ್‌ಆರ್ ಮೇಡಂಗೆ ಫೋನ್ ಮಾಡಿ: ‘ಮೇಡಂ, ಒರಿಜಿನಲ್ಸ್ ವೆರಿಫಿಕೇಷನ್‌ಗಾ ಅಥವಾ ಅಲ್ಲೇ ಕೊಟ್ಟು ಬರಬೇಕಾ? ಬಾಂಡ್ ಪ್ರತಿ ಮೇಲ್ ಮಾಡ್ತೀರಾ?’ ಫೋನಿನಲ್ಲಿ ಏನೇ ಹೇಳಲಿ, ಮೇಲ್‌ನಲ್ಲಿ ಬರಲಿ. ಕೆಲಸ ಸಿಕ್ಕರೂ ಆಫರ್ ಲೆಟರ್, ಬಾಂಡ್ ಎರಡನ್ನೂ ಓದಿ ಮುಗಿಸುವ ತನಕ ಆಡಿಟರ್ ಹತ್ತಿರ ರಾಜೀನಾಮೆ ಮಾತು ಎತ್ತಬೇಡಿ.