ಸರ್ಕಾರದ ಖರ್ಚು ಜಿಡಿಪಿಯ ಶೇ. 57 ಅಂದರೆ, ಉಳಿದ 43 ಮಾತ್ರ ಖಾಸಗಿಯವರದ್ದೇ?

ನೀವು ಕೇಳಿರುವುದು ಇಷ್ಟು: ಫ್ರಾನ್ಸಿನಲ್ಲಿ ಸರ್ಕಾರದ ಖರ್ಚು ಜಿಡಿಪಿಯ ಶೇ. 57ರಷ್ಟಿದೆ ಎಂದು ಓದಿದ್ದೀರಿ. ಹಾಗಾದರೆ ಅರ್ಧಕ್ಕಿಂತ ಹೆಚ್ಚು ಆರ್ಥಿಕತೆ ಸರ್ಕಾರದ ಕೈಯಲ್ಲಿದೆ, ಖಾಸಗಿಯವರಿಗೆ ಉಳಿದದ್ದು 43 ಮಾತ್ರ ಎಂದು ಹೇಳಬಹುದೇ? ಮತ್ತೆ, ಈ ಅಂಕಿ ಎಷ್ಟಿದ್ದರೆ ಸರಿ?

ಹಾಗೆ ಹೇಳಲು ಬರುವುದಿಲ್ಲ. ಅಂಕಿ ಸರಿಯಾಗಿಯೇ ಇದೆ (2023ರ ಆಸುಪಾಸಿನದ್ದು), ತಪ್ಪಿರುವುದು ಕಳೆಯುವ ಲೆಕ್ಕ. ನೂರರಲ್ಲಿ ಐವತ್ತೇಳನ್ನು ಕಳೆಯಬೇಕಾದರೆ ಆ ಐವತ್ತೇಳು ನೂರರೊಳಗೇ ಇರಬೇಕಲ್ಲ? ಇಲ್ಲಿ ಹಾಗಿಲ್ಲ. ಜಿಡಿಪಿ ಎಂದರೆ ಒಂದು ವರ್ಷದಲ್ಲಿ ದೇಶದೊಳಗೆ ಹೊಸದಾಗಿ ತಯಾರಾದ ಸರಕು ಮತ್ತು ಸೇವೆಗಳ ಮೌಲ್ಯ. ಸರ್ಕಾರದ ಒಟ್ಟು ಖರ್ಚು ಎಂದರೆ ಖಜಾನೆಯಿಂದ ಹೊರಬಿದ್ದ ಹಣ. ಒಂದು ಉತ್ಪಾದನೆಯ ಲೆಕ್ಕ, ಇನ್ನೊಂದು ಹಣದ ಓಡಾಟದ ಲೆಕ್ಕ. ದೊಡ್ಡ ದೇಶ, ಚಿಕ್ಕ ದೇಶಗಳನ್ನು ಹೋಲಿಸಲು ಅನುಕೂಲವಾಗಲಿ ಎಂದು ಒಂದನ್ನು ಇನ್ನೊಂದರಿಂದ ಭಾಗಿಸುತ್ತಾರೆ, ಅಷ್ಟೇ.

ಒಂದು ಪಿಂಚಣಿಯ ಹಿಂದೆಯೇ ಹೋಗಿ ನೋಡೋಣ. ನಿವೃತ್ತಿಯಾದ ಒಬ್ಬ ಮಹಿಳೆಗೆ ತಿಂಗಳಿಗೆ 1,000 ಯೂರೊ ಬರುತ್ತದೆ ಅನ್ನಿ. ಈಗ ದುಡಿಯುತ್ತಿರುವವರ ಸಂಬಳದಲ್ಲಿ ಹಿಡಿದುಕೊಂಡ ವಂತಿಗೆಯ ಹಣ ಅದು. ಆಕೆಯ ಖಾತೆಗೆ ಜಮಾ ಆದ ಕೂಡಲೇ ಸರ್ಕಾರದ ಖರ್ಚಿನ ಕಡೆ 1,000 ಬಿತ್ತು. ಜಿಡಿಪಿಗೆ ಎಷ್ಟು ಸೇರಿತು? ಸೊನ್ನೆ. ಯಾವುದೂ ತಯಾರಾಗಿಲ್ಲ, ಹಣ ಒಬ್ಬರ ಜೇಬಿನಿಂದ ಇನ್ನೊಬ್ಬರ ಜೇಬಿಗೆ ಹೋಗಿದೆ. ಆಕೆ ಆ ಹಣದಲ್ಲಿ ಬಾಡಿಗೆ ಕಟ್ಟಿ, ದಿನಸಿ ಬಟ್ಟೆ ಕೊಂಡಾಗ ಅದು ಜಿಡಿಪಿಯಲ್ಲಿ ಕಾಣಿಸಿಕೊಳ್ಳುತ್ತದೆ, ಅದೂ ಖಾಸಗಿ ಬಳಕೆ ಎಂಬ ಖಾತೆಯಲ್ಲಿ. ಬೆಳೆದವರು, ಹೊಲಿದವರು, ಮಾರಿದವರು ಎಲ್ಲರೂ ಖಾಸಗಿಯವರೇ. ಹೀಗೆ ಅದೇ ಸಾವಿರ ಯೂರೊ ಸರ್ಕಾರದ ಖರ್ಚಿನಲ್ಲೂ ಇದೆ, ಖಾಸಗಿ ಖರ್ಚಿನಲ್ಲೂ ಇದೆ. ಖಾಸಗಿಯವರ ಒಟ್ಟು ಖರ್ಚನ್ನೂ ಇದೇ ರೀತಿ ಜಿಡಿಪಿಯಿಂದ ಭಾಗಿಸಿ ನೋಡಿ, 43ರಲ್ಲಿ ಅದು ನಿಲ್ಲುವುದೇ ಇಲ್ಲ. ಎರಡನ್ನೂ ಕೂಡಿದರೆ ನೂರು ದಾಟಿಹೋಗುತ್ತದೆ.

ಫ್ರಾನ್ಸಿನಲ್ಲಿ ಬರೀ ಪಿಂಚಣಿಗೇ ಜಿಡಿಪಿಯ ಸುಮಾರು ಶೇ. 14ರಷ್ಟು ಹೋಗುತ್ತದೆ. ಸರ್ಕಾರಿ ನೌಕರರ ಸಂಬಳ ಭತ್ಯೆಗಳಿಗೆ ಸುಮಾರು ಶೇ. 12. ಸರ್ಕಾರ ತಾನೇ ನಿಂತು ಉತ್ಪಾದಿಸುವುದು ಎಷ್ಟು ಎಂದು ಕೇಳಿದರೆ, ಅಂದರೆ ಶಾಲೆ, ಪೊಲೀಸ್, ನ್ಯಾಯಾಲಯ, ಸರ್ಕಾರಿ ಆಸ್ಪತ್ರೆ ಇತ್ಯಾದಿ, ಅದು ಜಿಡಿಪಿಯ ಆರರಲ್ಲೊಂದು ಭಾಗದ ಸುತ್ತಮುತ್ತ ಬರುತ್ತದೆ. ನಿಮ್ಮ ಮನಸ್ಸಿನಲ್ಲಿದ್ದ "ಸರ್ಕಾರದ ಕೈಯಲ್ಲಿರುವ ಆರ್ಥಿಕತೆ" ಎಂಬುದಕ್ಕೆ ಹತ್ತಿರದ ಅಳತೆ ಬೇಕಿದ್ದರೆ ಇದನ್ನೇ ಹಿಡಿಯಬೇಕು, 57ನ್ನಲ್ಲ.

ಈ ಉತ್ಪಾದನೆಯ ಅಂಕಿಯಲ್ಲೂ ಒಂದು ತೊಡಕಿದೆ. ಶಾಲೆಯ ಪಾಠಕ್ಕೆ ಮಾರುಕಟ್ಟೆಯಲ್ಲಿ ಬೆಲೆ ಇಲ್ಲ. ಹಾಗಾಗಿ ರಾಷ್ಟ್ರೀಯ ಲೆಕ್ಕದಲ್ಲಿ ಅದರ ಮೌಲ್ಯ ಎಂದರೆ ಅದಕ್ಕೆ ತಗಲಿದ ವೆಚ್ಚವೇ. ಎಲ್ಲ ಶಿಕ್ಷಕರ ಸಂಬಳ ಶೇ. 10 ಏರಿಸಿದರೆ, ಪಾಠ ಅಷ್ಟೇ ಇದ್ದರೂ ಆ ವರ್ಷದ ಬೆಲೆಯಲ್ಲಿ ಲೆಕ್ಕ ಹಾಕಿದ ಜಿಡಿಪಿ ಅಷ್ಟರಮಟ್ಟಿಗೆ ಉಬ್ಬುತ್ತದೆ. ಇದನ್ನು ಸರಿಪಡಿಸಲು ಬ್ರಿಟನ್ನಿನಲ್ಲಿ ಅರ್ಥಶಾಸ್ತ್ರಜ್ಞ ಟೋನಿ ಅಟ್ಕಿನ್ಸನ್ ಅವರ ನೇತೃತ್ವದಲ್ಲಿ ಒಂದು ಪರಿಶೀಲನೆ ನಡೆದು 2005ರಲ್ಲಿ ವರದಿ ಬಂತು: ಎಷ್ಟು ಖರ್ಚಾಯಿತು ಎಂದು ನೋಡುವ ಬದಲು ಎಷ್ಟು ಮಕ್ಕಳು ಕಲಿತರು, ಎಷ್ಟು ಚಿಕಿತ್ಸೆ ನಡೆಯಿತು ಎಂದು ಎಣಿಸಬೇಕು ಎಂಬ ದಾರಿ. ಹೇಳುವುದು ಸುಲಭ, ಎಣಿಸಲು ಕೂತವರಿಗೆ ಗೊತ್ತು ಕಷ್ಟ.

ಖರ್ಚು ಜಿಡಿಪಿಯ ಒಳಗಿನ ತುಂಡಲ್ಲ ಎಂಬುದಕ್ಕೆ ಇನ್ನೂ ನೇರ ಸಾಕ್ಷಿ ಪೆಸಿಫಿಕ್ ಸಾಗರದಲ್ಲಿದೆ. ಕಿರಿಬಾಟಿ, ತುವಾಲು ಎಂಬ ಪುಟ್ಟ ದ್ವೀಪರಾಷ್ಟ್ರಗಳಲ್ಲಿ ಈ ಅನುಪಾತ ನೂರನ್ನೇ ದಾಟಿದ ವರ್ಷಗಳಿವೆ. ಅಲ್ಲಿನ ಕಡಲಿನಲ್ಲಿ ಟ್ಯೂನ ಮೀನು ಹಿಡಿಯಲು ಬರುವ ವಿದೇಶಿ ಹಡಗುಗಳು ಪರವಾನಗಿ ಶುಲ್ಕ ಕಟ್ಟುತ್ತವೆ, ಜೊತೆಗೆ ವಿದೇಶಿ ನೆರವು ಬರುತ್ತದೆ. ಇವೆರಡೂ ಹೊರಗಿನಿಂದ ಬಂದ ಆದಾಯ, ದೇಶದೊಳಗಿನ ಉತ್ಪಾದನೆಯಲ್ಲ. ಖಜಾನೆ ತುಂಬುತ್ತದೆ, ಜಿಡಿಪಿ ಬೆಳೆಯುವುದಿಲ್ಲ. ಸರ್ಕಾರ ಆ ಹಣವನ್ನು ಖರ್ಚು ಮಾಡಿದಾಗ ಮೇಲಿನ ಸಂಖ್ಯೆ ಕೆಳಗಿನದ್ದಕ್ಕಿಂತ ದೊಡ್ಡದಾಗುತ್ತದೆ. ಅನುಪಾತ ನೂರಾಹತ್ತು ಇದ್ದಾಗ ಖಾಸಗಿಯವರಿಗೆ ಉಳಿದದ್ದು ಮೈನಸ್ ಹತ್ತು ಎಂದರೆ ನಗೆಪಾಟಲಾಗುತ್ತದೆ.

ಇನ್ನು ದೇಶದೇಶಗಳ ಹೋಲಿಕೆ. ನನ್ನ ಪ್ರಕಾರ ಅತಿ ಹೆಚ್ಚು ಎಡವಟ್ಟಾಗುವುದು ಇಲ್ಲೇ, ಯಾಕೆಂದರೆ ಒಂದೇ ಕೆಲಸವನ್ನು ದೇಶಗಳು ಬೇರೆ ಬೇರೆ ರೀತಿ ನಡೆಸುವುದರಿಂದ ಅದು ಬೇರೆ ಬೇರೆ ಖಾತೆಗೆ ಹೋಗುತ್ತದೆ. ಸ್ವಿಟ್ಜರ್‌ಲೆಂಡಿನಲ್ಲಿ ಆರೋಗ್ಯ ವಿಮೆ 1996ರಿಂದ ಎಲ್ಲರಿಗೂ ಕಡ್ಡಾಯ. ಕಂತು ಕಟ್ಟದೆ ತಪ್ಪಿಸಿಕೊಳ್ಳುವಂತಿಲ್ಲ. ಆದರೆ ಆ ಹಣ ವಿಮಾ ಸಂಸ್ಥೆಗಳಿಗೆ ಹೋಗುತ್ತದೆ, ಹಾಗಾಗಿ ಸರ್ಕಾರದ ಖರ್ಚಲ್ಲ. ಪಕ್ಕದ ಜರ್ಮನಿಯಲ್ಲೂ ವಂತಿಗೆ ಕಡ್ಡಾಯ. ಅಲ್ಲಿನ ಶಾಸನಬದ್ಧ ಆರೋಗ್ಯ ನಿಧಿಗಳು ಸರ್ಕಾರಿ ವಲಯದ ಭಾಗ ಎಂದು ಲೆಕ್ಕ, ಹಾಗಾಗಿ ಅಷ್ಟೂ ಸರ್ಕಾರದ ಖರ್ಚು. ರೋಗಿಯ ಕಣ್ಣಿಗೆ ಎರಡರಲ್ಲಿ ಅಂಥ ವ್ಯತ್ಯಾಸ ಕಾಣದು. ಅಂಕಿಯಲ್ಲಿ ಸ್ವಿಟ್ಜರ್‌ಲೆಂಡ್ ಮೂವತ್ತರ ಮೇಲೆ ಎರಡು ಮೂರು, ಜರ್ಮನಿ ಐವತ್ತರ ಹತ್ತಿರ. ಆ ಅಂತರ ಪೂರ್ತಿ ವಿಮೆಯಿಂದ ಬಂದದ್ದಲ್ಲ, ಆದರೆ ಅದರಲ್ಲಿ ಒಂದು ದೊಡ್ಡ ಪಾಲು ಲೆಕ್ಕ ಬರೆಯುವ ರೀತಿಯದ್ದು. ಸಿಂಗಪುರದ ಕಥೆಯೂ ಇದೇ ಜಾತಿಯದ್ದು: ದುಡಿಯುವವರು ಸಂಬಳದ ದೊಡ್ಡ ಭಾಗವನ್ನು ಕೇಂದ್ರೀಯ ಭವಿಷ್ಯನಿಧಿಗೆ ಕಟ್ಟಲೇಬೇಕು. ಅದು ಅವರವರ ಹೆಸರಿನ ಉಳಿತಾಯ ಖಾತೆಯಾದ್ದರಿಂದ ತೆರಿಗೆಯೂ ಅಲ್ಲ, ಅಲ್ಲಿಂದ ಹೊರಬರುವ ಹಣ ಸರ್ಕಾರದ ಖರ್ಚೂ ಅಲ್ಲ. "ಸಿಂಗಪುರ ನೋಡಿ, ಇಪ್ಪತ್ತರೊಳಗೆ ಮುಗಿಸಿದ್ದಾರೆ" ಎನ್ನುವವರು ಈ ಮಾತನ್ನು ನುಂಗಿಬಿಡುತ್ತಾರೆ.

ತೆರಿಗೆಯ ಕಡೆಯಿಂದಲೂ ಇದೇ ಆಟ. ಡೆನ್ಮಾರ್ಕ್, ಸ್ವೀಡನ್‌ಗಳಲ್ಲಿ ಪಿಂಚಣಿ ಮತ್ತು ಹಲವು ಭತ್ಯೆಗಳ ಮೇಲೆಯೇ ಆದಾಯ ತೆರಿಗೆ ಬೀಳುತ್ತದೆ. ನೂರು ಕೊಟ್ಟು ಮೂವತ್ತು ವಾಪಸ್ ಪಡೆದರೆ ಖರ್ಚು ನೂರು ಎಂದೇ ದಾಖಲಾಗುತ್ತದೆ. ತೆರಿಗೆಯಿಲ್ಲದೆ ಎಪ್ಪತ್ತನ್ನೇ ಕೈಗಿಟ್ಟ ದೇಶದಲ್ಲಿ ಖರ್ಚು ಎಪ್ಪತ್ತು. ಪಡೆದವರ ಕೈಯಲ್ಲಿ ಉಳಿದದ್ದು ಎರಡೂ ಕಡೆ ಒಂದೇ. ಅಮೆರಿಕದಲ್ಲಿ ನೋಡಿದರೆ ಕೊಡುವ ಬದಲು ಬಿಟ್ಟುಕೊಡುವ ರೂಢಿ ಹೆಚ್ಚು: ಗೃಹಸಾಲದ ಬಡ್ಡಿಗೆ, ಕಂಪನಿ ಮೂಲಕ ಬರುವ ಆರೋಗ್ಯ ವಿಮೆಗೆ ತೆರಿಗೆ ವಿನಾಯಿತಿ. ಬಿಟ್ಟ ತೆರಿಗೆ ಖರ್ಚಿನ ಪಟ್ಟಿಗೆ ಬರುವುದಿಲ್ಲ. ಹೆಚ್ಚಾಗಿ ಶ್ರೀಮಂತ ದೇಶಗಳೇ ಇರುವ ಒಇಸಿಡಿ ಎಂಬ ಸಂಘಟನೆ ಈ ತೆರಿಗೆ, ವಿನಾಯಿತಿ, ಖಾಸಗಿ ವಿಮೆ ಎಲ್ಲವನ್ನೂ ಸರಿದೂಗಿಸಿ ಸಾಮಾಜಿಕ ವೆಚ್ಚದ ನಿವ್ವಳ ಲೆಕ್ಕ ಹಾಕಿದಾಗ, ಜುಗ್ಗ ಎಂದು ಹೆಸರಾದ ಅಮೆರಿಕ ಫ್ರಾನ್ಸಿಗೆ ತೀರಾ ಹಿಂದೇನೂ ಉಳಿಯಲಿಲ್ಲ. ಆ ಹಣ ಯಾರಿಗೆ ತಲುಪುತ್ತದೆ ಎಂಬುದು ಬೇರೆ ವಿಷಯ, ಅದರಲ್ಲಿ ಅಜಗಜಾಂತರವಿದೆ.

ಇಷ್ಟು ಹೊತ್ತು ಮೇಲಿನ ಸಂಖ್ಯೆಯ ಮಾತಾಯಿತು. ಕೆಳಗಿನ ಸಂಖ್ಯೆಯಾದ ಜಿಡಿಪಿಯೂ ಸುಮ್ಮನೆ ಕೂರುವುದಿಲ್ಲ. ಐರ್ಲೆಂಡನ್ನು ನೋಡಿ. 2010ರಲ್ಲಿ ಅಲ್ಲಿ ಸರ್ಕಾರದ ಖರ್ಚು ಜಿಡಿಪಿಯ ಸುಮಾರು ಶೇ. 65. 2022ರಲ್ಲಿ ಸುಮಾರು ಶೇ. 21. ಹನ್ನೆರಡೇ ವರ್ಷದಲ್ಲಿ ಸಮಾಜವಾದದಿಂದ ಬಂಡವಾಳವಾದಕ್ಕೆ ಜಿಗಿದಂತೆ ಕಾಣುತ್ತದೆ. ಆದದ್ದು ಬೇರೆ. 2010ರಲ್ಲಿ ಮುಳುಗುತ್ತಿದ್ದ ಬ್ಯಾಂಕುಗಳಿಗೆ ಸರ್ಕಾರ ಸುರಿದ ಹಣವೆಲ್ಲ ಆ ಒಂದೇ ವರ್ಷದ ಖರ್ಚಿಗೆ ಬಿತ್ತು. ಆಮೇಲೆ, 2015ರಲ್ಲಿ, ಬಹುರಾಷ್ಟ್ರೀಯ ಕಂಪನಿಗಳು ತಮ್ಮ ಪೇಟೆಂಟ್ ಮುಂತಾದ ಬೌದ್ಧಿಕ ಆಸ್ತಿಯನ್ನು ಕಾಗದದ ಮೇಲೆ ಐರ್ಲೆಂಡಿಗೆ ತಂದವು. ಜಿಡಿಪಿ ಒಂದೇ ವರ್ಷದಲ್ಲಿ ಶೇ. 25ಕ್ಕಿಂತ ಹೆಚ್ಚು ಬೆಳೆದಿದೆ ಎಂದು ಪ್ರಕಟವಾದಾಗ ಅಲ್ಲಿನವರೇ ನಕ್ಕರು. ಕೊನೆಗೆ ಐರಿಶ್ ಅಂಕಿಅಂಶ ಇಲಾಖೆ ಈ ಉಬ್ಬರವನ್ನು ಕಳೆದು ಮಾರ್ಪಡಿಸಿದ ರಾಷ್ಟ್ರೀಯ ಆದಾಯ ಎಂಬ ಬೇರೆ ಅಳತೆಯನ್ನೇ ಮಾಡಿಕೊಂಡಿತು. ಅದರಿಂದ ಭಾಗಿಸಿದರೆ 2022ರ ಖರ್ಚು ನಲವತ್ತರ ಹತ್ತಿರ ಬಂದು, ಐರ್ಲೆಂಡ್ ಯುರೋಪಿನ ಮಾಮೂಲಿ ದೇಶದಂತೆ ಕಾಣುತ್ತದೆ. ಹಿಂಜರಿತದ ವರ್ಷಗಳಲ್ಲೂ ಹೀಗೆಯೇ. 1990ರ ದಶಕದ ಶುರುವಿನಲ್ಲಿ ಸ್ವೀಡನ್ ಬಿಕ್ಕಟ್ಟಿಗೆ ಸಿಕ್ಕಾಗ ಜಿಡಿಪಿ ಕುಸಿಯಿತು, ನಿರುದ್ಯೋಗ ಭತ್ಯೆ ಏರಿತು, ಅನುಪಾತ 1993ರಲ್ಲಿ ಎಪ್ಪತ್ತರ ಹತ್ತಿರ ಹೋಯಿತು. 2020ರಲ್ಲಿ ಬಹುತೇಕ ಎಲ್ಲ ದೇಶಗಳಲ್ಲೂ ಅದೇ ಆಯಿತು. ಒಂದು ವರ್ಷದ ಅಂಕಿ ಹಿಡಿದು ವಾದಕ್ಕೆ ಇಳಿಯುವವರನ್ನು ನಾನು ನಂಬುವುದಿಲ್ಲ.

ಸಂಖ್ಯೆ ಹುಡುಕುವಾಗ ಇನ್ನೊಂದು ಎಚ್ಚರ. ಒಕ್ಕೂಟ ವ್ಯವಸ್ಥೆಯಲ್ಲಿ ಕೇಂದ್ರ ಸರ್ಕಾರದ್ದು ಮಾತ್ರವೋ, ರಾಜ್ಯ ಮತ್ತು ಸ್ಥಳೀಯ ಸಂಸ್ಥೆಗಳೂ ಸೇರಿವೆಯೋ ನೋಡಿ. ಸಾಮಾನ್ಯ ವರ್ಷಗಳಲ್ಲಿ ಅಮೆರಿಕದ ಫೆಡರಲ್ ಖರ್ಚು ಇಪ್ಪತ್ತರ ಮೇಲೆ ಸ್ವಲ್ಪ, ಎಲ್ಲ ಹಂತ ಸೇರಿದರೆ ಮೂವತ್ತೈದು ದಾಟುತ್ತದೆ. ಕೇಂದ್ರದ್ದನ್ನೂ ರಾಜ್ಯಗಳದ್ದನ್ನೂ ಸುಮ್ಮನೆ ಕೂಡಿದರೂ ತಪ್ಪಾಗುತ್ತದೆ. ಕೇಂದ್ರ ರಾಜ್ಯಕ್ಕೆ ಕೊಟ್ಟ ಅನುದಾನ ಎರಡು ಸಲ ಎಣಿಕೆಯಾಗುತ್ತದೆ. ಹಾಗೆಯೇ "ಸರ್ಕಾರದ ಅಂತಿಮ ಬಳಕೆ ವೆಚ್ಚ" ಎಂಬ ಇನ್ನೊಂದು ಸಾಲು ಸಿಗುತ್ತದೆ. ಅದರಲ್ಲಿ ಪಿಂಚಣಿ, ಬಡ್ಡಿ ಇಲ್ಲ. ಆ ಸಾಲಿನ ಪ್ರಕಾರ ಫ್ರಾನ್ಸ್ ಇಪ್ಪತ್ತರ ಮೇಲೆ ಮೂರು ನಾಲ್ಕು ಮಾತ್ರ. ಒಬ್ಬರು 57 ಎನ್ನುತ್ತಾರೆ, ಇನ್ನೊಬ್ಬರು 23 ಎನ್ನುತ್ತಾರೆ, ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಎಷ್ಟಿದ್ದರೆ ಸರಿ ಎಂದಿರಿ. 1870ರ ಹೊತ್ತಿಗೆ ಇಂದಿನ ಶ್ರೀಮಂತ ದೇಶಗಳಲ್ಲಿ ಇದು ಹತ್ತರ ಆಸುಪಾಸಿನಲ್ಲಿತ್ತು. 1960ಕ್ಕೆ ಮೂವತ್ತರ ಹತ್ತಿರ, 1980ಕ್ಕೆ ನಲವತ್ತರ ಮೇಲೆ. ಜರ್ಮನ್ ಅರ್ಥಶಾಸ್ತ್ರಜ್ಞ ಅಡೋಲ್ಫ್ ವಾಗ್ನರ್ 19ನೇ ಶತಮಾನದಲ್ಲೇ ಹೇಳಿದ್ದರು, ದೇಶ ಸಿರಿವಂತವಾದಂತೆ ಜನ ಸರ್ಕಾರದಿಂದ ಹೆಚ್ಚು ಕೇಳುತ್ತಾರೆ ಎಂದು. ಪೀಕಾಕ್ ಮತ್ತು ವೈಸ್‌ಮನ್ ಎಂಬಿಬ್ಬರು ಅರ್ಥಶಾಸ್ತ್ರಜ್ಞರು 1961ರಲ್ಲಿ ಬ್ರಿಟನ್ನಿನ ಲೆಕ್ಕ ಹಿಡಿದು, ಯುದ್ಧ ಬಂದಾಗ ಏರಿದ ಖರ್ಚು ಯುದ್ಧ ಮುಗಿದ ಮೇಲೂ ಹಳೆಯ ಮಟ್ಟಕ್ಕೆ ಇಳಿಯುವುದಿಲ್ಲ ಎಂದರು. ಹೆಚ್ಚಿನ ತೆರಿಗೆಗೆ ಜನ ಅಷ್ಟರಲ್ಲಿ ಒಗ್ಗಿಹೋಗಿರುತ್ತಾರೆ. ನನಗೆ ಹೆಚ್ಚು ಹಿಡಿಸುವುದು ಅರ್ಥಶಾಸ್ತ್ರಜ್ಞ ವಿಲಿಯಂ ಬೌಮೋಲ್ ಅವರ ವಿವರಣೆ. ಕಾರ್ಖಾನೆಯಲ್ಲಿ ಒಬ್ಬ ಕಾರ್ಮಿಕ ಹಿಂದಿಗಿಂತ ಹತ್ತು ಪಟ್ಟು ತಯಾರಿಸಬಲ್ಲ, ಅವನ ಕೂಲಿ ಏರುತ್ತದೆ. ಶಿಕ್ಷಕಿ, ದಾದಿ ಅಂದಿಗೂ ಇಂದಿಗೂ ಒಂದು ಗಂಟೆಯ ಕೆಲಸಕ್ಕೆ ಒಂದು ಗಂಟೆ ಕೊಡಲೇಬೇಕು. ಆದರೆ ಅವರ ಸಂಬಳ ಕಾರ್ಖಾನೆಯ ಕೂಲಿಯ ಜೊತೆ ಏರದಿದ್ದರೆ ಆ ಕೆಲಸಕ್ಕೆ ಯಾರೂ ಬರುವುದಿಲ್ಲ. ಸರ್ಕಾರಗಳು ಮಾಡುವುದು ಹೆಚ್ಚಾಗಿ ಇಂಥ ಕೆಲಸಗಳನ್ನೇ. ಯಾರೂ ದುಂದು ಮಾಡದಿದ್ದರೂ ಅನುಪಾತ ಮೇಲೇರುತ್ತದೆ. ದುಂದು ಇಲ್ಲವೆಂದು ನಾನು ಹೇಳುತ್ತಿಲ್ಲ.

ಒಂದು ಸರಿಯಾದ ಅಂಕಿ ಇದೆ ಎಂದು ಒಪ್ಪುವುದು ನನಗೆ ಕಷ್ಟ. ಡೆನ್ಮಾರ್ಕ್ ಐವತ್ತರ ಹತ್ತಿರ ಇದ್ದುಕೊಂಡು ಶ್ರೀಮಂತ, ಸಿಂಗಪುರ ಇಪ್ಪತ್ತರೊಳಗೆ ಇದ್ದುಕೊಂಡು ಶ್ರೀಮಂತ. ನೈಜೀರಿಯಾ ಹದಿನೈದಕ್ಕಿಂತಲೂ ಕೆಳಗಿದೆ. ಅದು ಮಿತವ್ಯಯ ಅಲ್ಲ, ತೆರಿಗೆ ಸಂಗ್ರಹಿಸಲಾಗದ ಸರ್ಕಾರದ ಕೈಲಾಗದತನ. ಹಾಗಾಗಿ ಎರಡು ದೇಶಗಳ ಮುಂದೆ ನಲವತ್ತು, ನಲವತ್ತು ಎಂದು ಕಂಡರೆ ನಾನು ಮೊದಲು ಬಡ್ಡಿಯ ಸಾಲನ್ನು ನೋಡುತ್ತೇನೆ, ಆಮೇಲೆ ಪಿಂಚಣಿ, ಆಮೇಲೆ ಹೂಡಿಕೆ. ಒಂದು ಕಡೆ ನಲವತ್ತರಲ್ಲಿ ಆರು ಹಳೆ ಸಾಲದ ಬಡ್ಡಿಗೆ ಹೋಗುತ್ತಿದ್ದು, ಇನ್ನೊಂದು ಕಡೆ ಒಂದೇ ಹೋಗುತ್ತಿದ್ದರೆ, ಮೊದಲನೆಯ ದೇಶದ ಪ್ರಜೆ ಕಟ್ಟಿದ ತೆರಿಗೆಗೆ ಪಡೆಯುತ್ತಿರುವುದು ಮೂವತ್ತನಾಲ್ಕರ ಸೇವೆ, ಎರಡನೆಯವರು ಮೂವತ್ತೊಂಬತ್ತರದ್ದು. ಆ ವಿವರ ಒಟ್ಟು ಅಂಕಿಯಲ್ಲಿ ಎಲ್ಲೂ ಸಿಗುವುದಿಲ್ಲ. ಬಜೆಟ್ಟಿನ ಒಳಪುಟಗಳಿಗೇ ಹೋಗಬೇಕು.