ಶೈಲಿಯ ಹೆಸರು ಆಮೇಲೆ, ಮೊದಲು ಕಾರಣ ಬರೆಯಿರಿ

ಹೊಸ ಮನೆಯ ಹಾಲ್ ಬಗ್ಗೆ ಪ್ರಶ್ನೆ ಹಾಕಿರುವ ಸದಸ್ಯರಿಗೆ ಈ ಉತ್ತರ. ಆನ್‌ಲೈನ್ ಕ್ವಿಜ್ ಒಂದರಲ್ಲಿ ನಿಮ್ಮ ಶೈಲಿ ‘ಸ್ಕ್ಯಾಂಡಿನೇವಿಯನ್’ ಎಂದು ಬಂದಿದೆ, ಅದಕ್ಕೆ ಒಪ್ಪುವಂತೆ ಬಿಳಿ ಗೋಡೆ, ಬೂದು ಸೋಫಾ, ತಿಳಿ ಮರದ ಟೀಪಾಯಿ ಮತ್ತು ಕಪಾಟುಗಳ ಪೂರ್ತಿ ಸೆಟ್ಟನ್ನು ಆರಿಸಿಟ್ಟಿದ್ದೀರಿ, ಕಾರ್ಪೆಟ್ ಒಂದು ತೀರ್ಮಾನವಾದರೆ ಎಲ್ಲವನ್ನೂ ಒಟ್ಟಿಗೆ ಆರ್ಡರ್ ಮಾಡುತ್ತೀರಿ ಎಂದು ಬರೆದಿದ್ದೀರಿ. ದಯವಿಟ್ಟು ಆ ಆರ್ಡರನ್ನು ಸದ್ಯಕ್ಕೆ ನಿಲ್ಲಿಸಿ. ಇದೇ ಕ್ರಮದಲ್ಲಿ ಸಜ್ಜಾದ ಹಾಲ್‌ನಲ್ಲಿ ನಾನೂ ಇದ್ದವನು. ವಸ್ತುಗಳೆಲ್ಲ ಒಂದಕ್ಕೊಂದು ಹೊಂದಿಕೊಂಡಿದ್ದರೂ ಅಲ್ಲಿ ಕೂರುವ ಮನಸ್ಸು ಮನೆಯವರಲ್ಲಿ ಯಾರಿಗೂ ಬರುತ್ತಿರಲಿಲ್ಲ. ಮೂಡ್‌ಬೋರ್ಡ್, ಸ್ವಾಚ್, ಅಂಡರ್‌ಟೋನ್‌ನಂಥ ಒಳಾಂಗಣ ಅಲಂಕಾರದ ಪದಗಳೆಲ್ಲ ನಿಮಗೆ ಗೊತ್ತಿರುವುದು ಪೋಸ್ಟಿನಿಂದಲೇ ತಿಳಿಯುತ್ತದೆಯಾದ್ದರಿಂದ ನೇರವಾಗಿ ಮುಖ್ಯ ವಿಷಯಕ್ಕೆ ಬರುತ್ತೇನೆ.

ಕ್ವಿಜ್ ಕೊಡುವುದು ಒಂದು ಹೆಸರನ್ನು ಮಾತ್ರ, ಮತ್ತು ಆ ಹೆಸರು ಬೇರೆಲ್ಲಿಯೋ ಬೇರೆ ಯಾವುದೋ ಕಷ್ಟಕ್ಕೆ ಜನ ಕಂಡುಕೊಂಡ ಪರಿಹಾರದ ಹೆಸರು. ನಿಮ್ಮ ಕ್ವಿಜ್ ಹೇಳಿದ ಶೈಲಿಯ ನಾಡಾದ ಸ್ಕ್ಯಾಂಡಿನೇವಿಯಾವನ್ನೇ ನೋಡಿ: ಸ್ವೀಡನ್ನಿನ ಸ್ಟಾಕ್‌ಹೋಮ್ ಸುಮಾರು 59 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರಿನಲ್ಲಿ ಅಲ್ಲಿ ಹಗಲು ಸುಮಾರು 6 ಗಂಟೆಯಷ್ಟೇ ಇರುತ್ತದೆ, ಸೂರ್ಯ ದಿಗಂತದಿಂದ ಹೆಚ್ಚು ಮೇಲೇರುವುದೂ ಇಲ್ಲ. ಸಿಕ್ಕ ಅಲ್ಪ ಬೆಳಕನ್ನು ಕೋಣೆಯ ಒಳಗಿನ ಮೂಲೆಯವರೆಗೂ ಒಯ್ಯುವುದಕ್ಕೆ ಬಿಳಿ ಗೋಡೆಯೂ ತಿಳಿ ಮರವೂ ಅಲ್ಲಿ ನಿಜವಾಗಿ ನೆರವಾಗುತ್ತವೆ. ನಿಮ್ಮ ಫೋಟೋದಲ್ಲಿ ಎರಡು ಗೋಡೆಯ ತುಂಬ ಕಿಟಕಿಗಳಿವೆ, ನೆಲದ ಮೇಲೆ ಬಿಸಿಲು ಚೌಕಚೌಕವಾಗಿ ಬಿದ್ದಿದೆ. ಅಂಥ ಕೋಣೆಗೆ ಎಲ್‌ಆರ್‌ವಿ (ಬಣ್ಣ ನೂರಕ್ಕೆ ಎಷ್ಟು ಭಾಗ ಬೆಳಕನ್ನು ಹಿಂದಿರುಗಿಸುತ್ತದೆ ಎಂಬ ಅಳತೆ) 85ಕ್ಕಿಂತ ಹೆಚ್ಚಿರುವ ಬಿಳಿ ಬಳಿದರೆ ಮಧ್ಯಾಹ್ನ ಕಣ್ಣು ಕಿರಿದು ಮಾಡಿಕೊಂಡು ಕೂರಬೇಕಾಗುತ್ತದೆ, ಬೂದು ಸೋಫಾ ಆ ಬೆಳಕಿನಲ್ಲಿ ಪೂರಾ ಸಪ್ಪೆಯಾಗಿ ಕಾಣುತ್ತದೆ. ಹಾಗೆಂದು ನಿಮಗೆ ಆ ಶೈಲಿ ಇಷ್ಟವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಅದರಲ್ಲಿ ನಿಮಗೆ ಇಷ್ಟವಾದದ್ದು ಯಾವುದು ಎಂಬುದನ್ನು ನೀವಿನ್ನೂ ಹುಡುಕಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ನನಗೆ ಕೈಹಿಡಿದ ವಿಧಾನ ಕಾರಣ ಬರೆಯುವುದು. ನೀವು ಉಳಿಸಿಟ್ಟುಕೊಂಡ ಚಿತ್ರಗಳಲ್ಲಿ ಒಂದು ಮೂವತ್ತನ್ನು ಆರಿಸಿ, ಪ್ರತಿಯೊಂದರ ಕೆಳಗೆ ಅದು ಏಕೆ ಹಿಡಿಸಿತೆಂದು ಒಂದೇ ಸಾಲಿನಲ್ಲಿ ಬರೆಯಿರಿ. ಎರಡು ನಿಯಮಗಳನ್ನು ಕಡ್ಡಾಯವಾಗಿ ಪಾಲಿಸಬೇಕು: ಯಾವ ಶೈಲಿಯ ಹೆಸರನ್ನೂ ಬಳಸಕೂಡದು, ಮತ್ತು ‘ಚೆನ್ನಾಗಿದೆ’, ‘ಕ್ಲಾಸಿಯಾಗಿದೆ’, ‘ನೆಮ್ಮದಿ ಅನಿಸುತ್ತದೆ’ ಎಂಬಂಥ ಮಾತುಗಳನ್ನು ಬರೆಯಕೂಡದು. ಕಣ್ಣಿಗೆ ಕಾಣುವ, ಬೆರಳಿಟ್ಟು ತೋರಿಸಬಹುದಾದ ಸಂಗತಿಯನ್ನೇ ಬರೆಯಬೇಕು. ಬರೆಯುವ ಮುಂಚೆ ಚಿತ್ರದ ಒಂದೊಂದು ಭಾಗವನ್ನು ಕಾಗದದ ತುಂಡಿನಿಂದ ಮುಚ್ಚಿ ನೋಡಿ. ಉದಾಹರಣೆಗೆ, ಉದ್ದನೆಯ ಮರದ ಮೇಜೊಂದರ ಚಿತ್ರ ಇದೆಯೆಂದುಕೊಳ್ಳಿ. ಮೇಜಿನ ಎಡಕ್ಕೆ ಕಿಟಕಿ, ಮೇಜಿನ ಮೇಲೆ ಒಂದು ಮಣ್ಣಿನ ಬಟ್ಟಲು. ಮೇಜೇ ಇಷ್ಟವಾಯಿತೆಂದು ನಿಮಗನಿಸುತ್ತದೆ. ಕಿಟಕಿಯನ್ನು ಮುಚ್ಚಿ ನೋಡಿದರೆ ಉಳಿಯುವುದು ಎಲ್ಲ ಕಡೆಯೂ ಸಿಗುವಂಥ ಸಾಧಾರಣ ಮೇಜು. ಹಾಗಾದರೆ ನಿಮ್ಮನ್ನು ಸೆಳೆದದ್ದು ಪಕ್ಕದಿಂದ ಬಂದು ಮರದ ಎಳೆಗಳನ್ನು ಎದ್ದು ಕಾಣಿಸಿದ ಬೆಳಕು. ಅದಕ್ಕೆ ಹೊಸ ಮೇಜು ಕೊಳ್ಳಬೇಕಾಗಿಲ್ಲ, ಇರುವ ಮೇಜನ್ನು ಕಿಟಕಿಯ ಬದಿಗೆ ಸರಿಸಿದರೆ ಸಾಕು. ಚಿತ್ರದಲ್ಲಿನ ಗಿಡವನ್ನೂ ಹೀಗೆಯೇ ಮುಚ್ಚಿ ನೋಡಿ. ದೊಡ್ಡ ಎಲೆಯ ಗಿಡವೊಂದು ಎಷ್ಟೋ ಸಪ್ಪೆ ಕೋಣೆಗಳನ್ನು ಫೋಟೋದಲ್ಲಿ ಗೆಲ್ಲಿಸಿಬಿಡುತ್ತದೆ.

ಮೂವತ್ತು ಕಾರಣಗಳೂ ಕಾಗದಕ್ಕೆ ಬಂದ ಮೇಲೆ ಚಿತ್ರಗಳನ್ನು ಬದಿಗಿಟ್ಟು ಆ ಸಾಲುಗಳನ್ನಷ್ಟೇ ಓದಿ. ಬೆಳಕು ಎಲ್ಲಿಂದ ಬರುತ್ತದೆ, ಕೈಗೆ ಹೇಗೆ ತಾಗುತ್ತದೆ, ವಸ್ತುಗಳು ಎಷ್ಟು ಒತ್ತಾಗಿವೆ, ಪೀಠೋಪಕರಣ ನೆಲಕ್ಕೆ ಹತ್ತಿರವಿದೆಯೋ ಎತ್ತರಕ್ಕಿದೆಯೋ, ಜೋಡಣೆ ಎರಡೂ ಬದಿಗೆ ಸಮವಾಗಿದೆಯೋ ಇಲ್ಲವೋ, ಬಳಸಿ ಹಳತಾದ ಗುರುತು ಇದೆಯೋ ಎಲ್ಲವೂ ಹೊಸದೋ ಎಂಬ ವಿಷಯಗಳಲ್ಲಿ ಮೂರೋ ನಾಲ್ಕೋ ಮತ್ತೆ ಮತ್ತೆ ಬಂದಿರುವುದು ಕಾಣುತ್ತದೆ. ಅವೇ ನಿಮ್ಮ ಶೈಲಿ. ಅದಕ್ಕೆ ಸಿದ್ಧ ಹೆಸರು ಸಿಕ್ಕಿದರೆ ಹುಡುಕುವಾಗ ಅನುಕೂಲ, ಸಿಗದಿದ್ದರೆ ಯಾವ ನಷ್ಟವೂ ಇಲ್ಲ.

ಪರಿಚಿತರೊಬ್ಬರ ಪಟ್ಟಿಯನ್ನು ನಾನು ಜೊತೆಯಲ್ಲಿ ಕುಳಿತು ಓದಿದ್ದೆ. ತಾವು ಮಿನಿಮಲಿಸ್ಟ್, ಅಂದರೆ ಆದಷ್ಟು ಕಡಿಮೆ ವಸ್ತುಗಳನ್ನು ಬಯಸುವವರು, ಎಂದು ಅವರು ದೃಢವಾಗಿ ನಂಬಿದ್ದರು. ಅರ್ಧ ಸಾಮಾನನ್ನು ಕೊಟ್ಟುಬಿಡಲು ಪೆಟ್ಟಿಗೆಗಳನ್ನೂ ಕಟ್ಟಿಟ್ಟಿದ್ದರು. ಅವರು ಬರೆದಿದ್ದ ಕಾರಣಗಳು ‘ಮೇಜಿನ ಮೇಲೆ ಏನೂ ಇಲ್ಲ’, ‘ಸೋಫಾದ ಕೆಳಗಿನ ನೆಲ ಕಾಣುತ್ತದೆ’, ‘ವೈರುಗಳು ಕಾಣುತ್ತಿಲ್ಲ’, ‘ಪುಸ್ತಕದ ಕಪಾಟಿಗೆ ಬಾಗಿಲಿದೆ’ ಎಂಬಂತೆ ಸಾಗಿದ್ದವು. ಖಾಲಿ ಗೋಡೆಯನ್ನಾಗಲೀ ಬಣ್ಣವಿಲ್ಲದ ಕೋಣೆಯನ್ನಾಗಲೀ ಒಂದು ಸಾಲೂ ಹೊಗಳಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ವಸ್ತುಗಳನ್ನು ಮುಚ್ಚಿಡುವ ಜಾಗ. ತೆರೆದ ಕಪಾಟಿಗೆ ಬಾಗಿಲು ಕೂರಿಸಿ, ಟಿವಿಯ ಹಿಂದಿನ ವೈರುಗಳನ್ನು ಗೋಡೆಗುಂಟ ಪಟ್ಟಿಯೊಳಗೆ ಎಳೆಸಿದ ಮೇಲೆ ಅವರು ಕೆಂಪು ಬಣ್ಣದ ಹಳೆಯ ಕುರ್ಚಿಯನ್ನೂ ಗೋಡೆಯ ತುಂಬ ಇದ್ದ ಚಿತ್ರಗಳನ್ನೂ ಸಂತೋಷವಾಗಿ ಉಳಿಸಿಕೊಂಡರು. ಕಟ್ಟಿದ್ದ ಪೆಟ್ಟಿಗೆಗಳಲ್ಲಿ ಹೆಚ್ಚಿನವು ಮತ್ತೆ ಬಿಚ್ಚಲ್ಪಟ್ಟವು.

ಮೂವತ್ತು ಚಿತ್ರಗಳ ಜೊತೆಗೆ ನಿಮಗೆ ಹಿಡಿಸದ ಹತ್ತು ಚಿತ್ರಗಳನ್ನೂ ಸೇರಿಸಿ ಕಾರಣ ಬರೆಯಿರಿ. ಇಷ್ಟದ ವಿಷಯದಲ್ಲಿ ನಾವು ಊರಿನ ಮೆಚ್ಚುಗೆಗೆ ತಲೆದೂಗುತ್ತೇವೆ, ಬೇಡದ್ದರ ವಿಷಯದಲ್ಲಿ ನಮ್ಮದೇ ಮಾತನಾಡುತ್ತೇವೆ. ಇನ್ನೊಂದು, ಬೇರೆ ಯಾವುದೋ ಕಾರಣಕ್ಕೆ ತೆಗೆದ ನಿಮ್ಮ ಹಳೆಯ ಮನೆಯ ಫೋಟೋಗಳ ಹಿನ್ನೆಲೆಯನ್ನು ನೋಡಿ. ಎಲ್ಲರೂ ಬಂದು ಕೂರುತ್ತಿದ್ದ ಮೂಲೆ ಯಾವುದು, ಪ್ರತಿ ಮನೆಗೂ ಸಾಗಿಸಿಕೊಂಡು ಬಂದ ದೀಪವೋ ಕನ್ನಡಿಯೋ ಯಾವುದು ಎಂಬುದಕ್ಕೆ ಯಾವ ಕ್ವಿಜ್ ಕೂಡ ಉತ್ತರ ಕೊಡಲಾರದು.

ಚಿತ್ರಗಳನ್ನು ಸಂಗ್ರಹಿಸುವ ಜಾಗದ ಬಗ್ಗೆಯೂ ಎಚ್ಚರಿಕೆ ಬೇಕು. ಪಿಂಟರೆಸ್ಟ್ 2010ರಿಂದ ಇದೆ, ನಾನೂ ಬಳಸುತ್ತೇನೆ, ಆದರೆ ನೀವು ಒಂದು ಬೂದು ಸೋಫಾ ಉಳಿಸಿದರೆ ಅದು ಅಂಥವೇ ಇನ್ನಷ್ಟನ್ನು ತಂದು ಸುರಿಯುತ್ತದೆ, ಕೊನೆಗೆ ನಿಮ್ಮ ಬೋರ್ಡಿನಲ್ಲಿರುವುದು ನಿಮ್ಮ ಮೊದಲ ದಿನದ ಆಯ್ಕೆಯ ನೂರು ಪ್ರತಿಗಳು. ಪೀಠೋಪಕರಣ ಕಂಪನಿ ಐಕಿಯಾದ ವಸ್ತುಗಳನ್ನು ನಾನು ಮೆಚ್ಚುತ್ತೇನೆ, ವಿಶೇಷವಾಗಿ ಅಳತೆಗಳನ್ನು ಅವರು ಸ್ಪಷ್ಟವಾಗಿ ಕೊಡುವುದನ್ನು. ಆದರೆ ಅವರ ಉತ್ಪನ್ನಗಳ ಚಿತ್ರಗಳಲ್ಲಿ ಬಹಳಷ್ಟು ಕಂಪ್ಯೂಟರಿನಲ್ಲಿ ರಚಿಸಿದವು ಎಂಬುದನ್ನು ನೆನಪಿಡಿ. ಅಂಥ ಕೋಣೆಯಲ್ಲಿ ಸ್ವಿಚ್‌ಬೋರ್ಡ್ ಇರುವುದಿಲ್ಲ, ಚಾರ್ಜರ್ ತೂಗುವುದಿಲ್ಲ. ಮನೆ ಮಾರಾಟದ ಜಾಹೀರಾತಿನ ಚಿತ್ರಗಳಂತೂ ವೈಡ್ ಆಂಗಲ್ ಲೆನ್ಸಿನಲ್ಲಿ ತೆಗೆದವು, ಅವುಗಳಲ್ಲಿ ಕೋಣೆ ಇರುವುದಕ್ಕಿಂತ ಉದ್ದವಾಗಿ ಕಾಣುತ್ತದೆ. ಹಾಗಾಗಿ ಕನಿಷ್ಠ ಮೂರನೇ ಒಂದು ಭಾಗದ ಚಿತ್ರಗಳನ್ನಾದರೂ ನೀವೇ ಹೋಗಿ ಕೂತು ಬಂದ ಗ್ರಂಥಾಲಯ, ಹೋಟೆಲು, ಸ್ನೇಹಿತರ ಮನೆಗಳಲ್ಲಿ ತೆಗೆದುಕೊಳ್ಳಿ.

ಬಣ್ಣದ ವಿಷಯಕ್ಕೆ ಬಂದರೆ, ದಯವಿಟ್ಟು ಮೊಬೈಲ್ ಪರದೆ ನೋಡಿ ಬಣ್ಣ ತೀರ್ಮಾನಿಸಬೇಡಿ, ಗೋಡೆಯ ಮೇಲೆ ನೇರವಾಗಿ ಅಂಗೈಯಗಲ ಬಳಿದು ನೋಡುವುದನ್ನೂ ಬಿಡಿ. ಮಿಶೆಲ್ ಷೆವ್ರಲ್ ಎಂಬ ರಸಾಯನಶಾಸ್ತ್ರಜ್ಞ ಪ್ಯಾರಿಸ್ಸಿನ ಗೋಬ್ಲಾ ನೇಯ್ಗೆ ಕಾರ್ಖಾನೆಯ ಬಣ್ಣದ ವಿಭಾಗದಲ್ಲಿದ್ದಾಗ, ಕಪ್ಪು ನೂಲಿನ ಬಣ್ಣ ಗಾಢವಾಗಿಲ್ಲವೆಂಬ ದೂರು ಬಂದಿತ್ತು. ಪರೀಕ್ಷಿಸಿದಾಗ ಬಣ್ಣದಲ್ಲಿ ದೋಷವಿರಲಿಲ್ಲ, ಪಕ್ಕದಲ್ಲಿ ನೇಯ್ದಿದ್ದ ಬೇರೆ ಬಣ್ಣಗಳಿಂದಾಗಿ ಕಪ್ಪು ಹಾಗೆ ಕಾಣುತ್ತಿತ್ತು. ಇದರ ವಿವರಗಳನ್ನು ಆತ 1839ರಲ್ಲಿ ಪ್ರಕಟಿಸಿದ. ನಿಮ್ಮ ಗೋಡೆಯಲ್ಲೂ ಆಗುವುದು ಅದೇ: ಹಳೆಯ ಕೆನೆಬಣ್ಣದ ನಡುವೆ ಬಳಿದ ತುಣುಕು ಇರುವುದಕ್ಕಿಂತ ನೀಲಿಯಾಗಿ ಕಾಣುತ್ತದೆ. ಎ3 ಅಳತೆಯ ದಪ್ಪ ಹಲಗೆಗೆ ಎರಡು ಕೋಟ್ ಬಳಿದು, ಅದನ್ನು ಸೋಫಾ ಬಟ್ಟೆಯ ತುಂಡಿನ ಪಕ್ಕ, ನೆಲದ ಪಕ್ಕ, ಕಿಟಕಿಯ ಎದುರಿನ ಗೋಡೆಯಲ್ಲಿ ನೆಟ್ಟಗೆ ನಿಲ್ಲಿಸಿ, ಬೆಳಗ್ಗೆ, ಮಧ್ಯಾಹ್ನ ಮತ್ತು ದೀಪ ಹಾಕಿದ ಮೇಲೆ ನೋಡಿ. ಗೋಡೆ ಸ್ವಲ್ಪ ಉಬ್ಬುತಗ್ಗಾಗಿದ್ದರೆ ಮ್ಯಾಟ್ ಫಿನಿಷ್ ಅದನ್ನು ಮರೆಸುತ್ತದೆ, ಹೊಳಪಿನದು ಎತ್ತಿ ತೋರಿಸುತ್ತದೆ. ಆದರೆ ಕೈತಾಗುವ ಕಡೆ ಒರೆಸಲು ಹೊಳಪಿನದೇ ಸುಲಭ.

ಬಣ್ಣಗಳ ಪಟ್ಟಿ ತಯಾರಿಸುವ ಪ್ಯಾಂಟೋನ್ ಕಂಪನಿ ಘೋಷಿಸುವ ‘ವರ್ಷದ ಬಣ್ಣ’ವನ್ನು ಗೋಡೆಗೆ ಬಳಿಯುವ ವಿಚಾರವನ್ನು ಇನ್ನೊಬ್ಬ ಸದಸ್ಯರು ಮೇಲೆ ಸೂಚಿಸಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. 2000ದಿಂದ ಪ್ರತಿ ವರ್ಷಕ್ಕೂ ಹೊಸ ಬಣ್ಣ ಬರುತ್ತಿದೆ, 2021ಕ್ಕೆ ಬೂದು ಮತ್ತು ಹಳದಿ ಎರಡನ್ನೂ ಘೋಷಿಸಿದ್ದರು; ಗೋಡೆಯ ಬಣ್ಣ ಅಷ್ಟು ಬೇಗ ಬದಲಾಗುವುದಿಲ್ಲ. ಪ್ಯಾಂಟೋನಿನ ಹೆಸರಾಂತ ಬಣ್ಣದ ಪಟ್ಟಿ ಮೂಲತಃ ಮುದ್ರಣದ ಶಾಯಿಗಾಗಿ ಮಾಡಿದ್ದು. ಗೋಡೆಗೆ ಬಣ್ಣದ ಕಂಪನಿಯ ಸ್ವಂತ ಕಾರ್ಡನ್ನೋ ಎನ್‌ಸಿಎಸ್ (ಬಣ್ಣಗಳನ್ನು ಗುರುತಿಸುವ ಇನ್ನೊಂದು ಪದ್ಧತಿ) ಸಂಕೇತವನ್ನೋ ಬಳಸುವುದು ಸರಿ.

ದೀಪಗಳನ್ನು ಜನ ಕೊನೆಗೆ ಕೊಳ್ಳುತ್ತಾರೆ, ನಾನು ಮೊದಲಿಗೇ ಕೊಳ್ಳಿ ಎನ್ನುತ್ತೇನೆ, ಏಕೆಂದರೆ ಮೇಲಿನ ಪರೀಕ್ಷೆಗಳೆಲ್ಲ ದೀಪದ ಮೇಲೆಯೇ ನಿಂತಿವೆ. ಹಾಲ್‌ಗೆ 2700ರಿಂದ 3000 ಕೆಲ್ವಿನ್ (ಹಳದಿ ಛಾಯೆಯ ಬೆಳಕು), ಸಿಆರ್‌ಐ (ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಳತೆ) 90ಕ್ಕೆ ಕಡಿಮೆಯಿಲ್ಲದ ಬಲ್ಬುಗಳನ್ನು ತನ್ನಿ. ಒಂದೇ ಕೋಣೆಯಲ್ಲಿ 2700ನ್ನೂ ನೀಲಿ ಛಾಯೆಯ ಬಿಳಿ ಬೆಳಕಿನ 6500ನ್ನೂ ಬೆರೆಸಬೇಡಿ. ಹಗಲಿನಲ್ಲಿ ಒಂದೇ ಬಣ್ಣವೆಂದು ಕಂಡ ಪರದೆ ಮತ್ತು ಕುಷನ್ ರಾತ್ರಿ ಬೇರೆಬೇರೆಯಾಗಿ ಕಾಣುವುದುಂಟು, ಆದ್ದರಿಂದ ಅಂಗಡಿಯ ಬೆಳಕಿನಲ್ಲಿ ಹೊಂದಿಸಿದ್ದನ್ನು ನಂಬಬೇಡಿ. ನಡು ಚಾವಣಿಯ ಒಂದೇ ದೀಪಕ್ಕಿಂತ ಕೂತಾಗ ಕಣ್ಣಿನ ಮಟ್ಟಕ್ಕೆ ಬರುವ ಎರಡು ಮೂರು ದೀಪಗಳು ಹಾಲ್‌ನ ಸ್ವರೂಪವನ್ನೇ ಬದಲಿಸುತ್ತವೆ.

ಇನ್ನು ನೀವು ಕೇಳಿದ ಕಾರ್ಪೆಟ್. ಮೊದಲು ಸೋಫಾ ಮತ್ತು ಟೀಪಾಯಿಯ ಅಳತೆಯನ್ನು ಮಾಸ್ಕಿಂಗ್ ಟೇಪಿನಿಂದ ನೆಲದ ಮೇಲೆ ಗುರುತು ಮಾಡಿ. ಎರಡರ ನಡುವೆ 40ರಿಂದ 45 ಸೆಂಟಿಮೀಟರ್, ಓಡಾಡುವ ದಾರಿಗೆ 80ರಿಂದ 90 ಸೆಂಟಿಮೀಟರ್ ಬಿಟ್ಟು, ಆ ಗುರುತುಗಳ ನಡುವೆ ಒಂದು ವಾರ ಓಡಾಡಿ ನೋಡಿ. ಬಳಿಕ ಹಳೆಯ ಬೆಡ್‌ಶೀಟನ್ನು ಕಾರ್ಪೆಟ್ಟಿನ ಅಳತೆಗೆ ಮಡಚಿ ಹಾಸಿ. ಸೋಫಾದ ಮುಂಗಾಲುಗಳಾದರೂ ಅದರ ಮೇಲೆ ಬರಲೇಬೇಕು. ನೀವು ಹಾಕಿದ ಲಿಂಕಿನಲ್ಲಿರುವ ಅಳತೆ ಟೀಪಾಯಿಯ ಕೆಳಗಷ್ಟೇ ಸಾಲುತ್ತದೆ, ಅದು ಬೇಡವೇ ಬೇಡ. ಕುರ್ಚಿ ಎಳೆದಾಡುವ ಜಾಗವಾದರೆ ಉದ್ದ ಎಳೆಯಿಲ್ಲದ ಚಪ್ಪಟೆ ನೇಯ್ಗೆಯದು ಒಳ್ಳೆಯದು. ಸೆಣಬಿನದು ನೋಟಕ್ಕೆ ಬಹಳ ಚೆಂದ, ಆದರೆ ನೀರು ಬಿದ್ದರೆ ಕಲೆ ನಿಲ್ಲುತ್ತದೆ. ಉಣ್ಣೆಯದು ಮೊದಮೊದಲು ಎಳೆ ಉದುರಿಸುತ್ತದೆ, ಅದನ್ನು ದೋಷವೆಂದು ತಿಳಿದು ವಾಪಸ್ ಮಾಡಬೇಡಿ.

ಸೋಫಾ ಬಟ್ಟೆಗೆ ಮಾರ್ಟಿನ್‌ಡೇಲ್ ಸಂಖ್ಯೆಯನ್ನು, ಅಂದರೆ ಬಟ್ಟೆ ಸವೆಯುವ ಮುಂಚೆ ಎಷ್ಟು ಉಜ್ಜಾಟ ತಡೆಯುತ್ತದೆ ಎಂಬುದನ್ನು, ಕೇಳಿ ಪಡೆಯಿರಿ. ದಿನವೂ ಬಳಸುವ ಸೋಫಾಗೆ 20,000ಕ್ಕಿಂತ ಕಡಿಮೆಯದನ್ನು ನಾನು ಒಪ್ಪುವುದಿಲ್ಲ. ಅಂಗಡಿಯಲ್ಲಿ ಕಾಲು ಗಂಟೆ ಬೆನ್ನು ಆನಿಸಿ ಕೂತು, ಪಾದ ನೆಲಕ್ಕೆ ಪೂರ್ತಿ ಊರುತ್ತದೆಯೇ ಎಂದು ಮನೆಯಲ್ಲಿ ಎಲ್ಲರಿಗಿಂತ ಕುಳ್ಳಗಿರುವವರಿಂದ ನೋಡಿಸಿ. ಸೋಫಾ, ಟೀಪಾಯಿ, ಕಪಾಟು ಮೂರನ್ನೂ ಒಂದೇ ಸೆಟ್ಟಿನಲ್ಲಿ ಕೊಳ್ಳುವುದನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಒಂದೇ ಮರ, ಒಂದೇ ಪಾಲಿಶ್, ಒಂದೇ ಕಾಲಿನ ಆಕಾರ ಎಲ್ಲೆಡೆ ಕಂಡಾಗ ಅದು ಶೋರೂಮಿನವರ ಅಭಿರುಚಿಯಾಗುತ್ತದೆ, ನಿಮ್ಮ ಬಳಿ ಈಗಾಗಲೇ ಇರುವ ಒಳ್ಳೆಯ ವಸ್ತುಗಳಿಗೆ ಅಲ್ಲಿ ಜಾಗ ಇಲ್ಲದಂತಾಗುತ್ತದೆ. ಫೋಟೋದ ಅಂಚಿನಲ್ಲಿ ಗೋಡೆಗೆ ಒರಗಿಸಿಟ್ಟಿರುವ ಗಾಢ ಮರದ ಆ ಕಪಾಟನ್ನು ಮಾರುವುದಾಗಿ ಬರೆದಿದ್ದೀರಿ. ಕಾರಣಗಳ ಪಟ್ಟಿ ಮುಗಿಯುವವರೆಗೆ ಅದನ್ನು ಮಾರಬೇಡಿ.

ಮನೆಯಲ್ಲಿ ಇಬ್ಬರಿದ್ದರೆ ಪಟ್ಟಿಗಳನ್ನು ಬೇರೆಬೇರೆಯಾಗಿ, ಪರಸ್ಪರ ತೋರಿಸದೆ ಬರೆಯಬೇಕು. ಶೈಲಿಯ ಹೆಸರಿನಲ್ಲಿ ಜಗಳವಾಡುವವರ ಕಾರಣಗಳು ಹೋಲುವುದನ್ನು ನಾನು ಕಂಡಿದ್ದೇನೆ, ಹೆಸರಿನಲ್ಲಿ ಒಪ್ಪಿದವರ ಕಾರಣಗಳು ಹೋಲದಿರುವುದನ್ನೂ ಕಂಡಿದ್ದೇನೆ. ಎರಡನೆಯದು ವಸ್ತು ಕೊಳ್ಳುವ ಮೊದಲೇ ತಿಳಿಯುವುದು ಅಗತ್ಯ. ಬಾಡಿಗೆ ಮನೆಯಾದರೆ ಗೋಡೆಯ ಬಣ್ಣವನ್ನು ಬಿಟ್ಟು ದೀಪ, ಪರದೆ ಮತ್ತು ಮುಚ್ಚಿಡುವ ಜಾಗಕ್ಕೆ ಹಣ ಹಾಕಿ, ಅವು ನಿಮ್ಮೊಂದಿಗೆ ಬರುತ್ತವೆ. ಪರದೆಯ ಸರಳನ್ನು ಕಿಟಕಿಯ ಚೌಕಟ್ಟಿನ ಮೇಲಂಚಿಗೆ ಅಂಟಿಸದೆ ಚಾವಣಿಯ ಹತ್ತಿರಕ್ಕೆ ಏರಿಸಿ, ಬಟ್ಟೆಯ ಅಗಲ ಸರಳಿನ ಉದ್ದದ ಎರಡು ಪಟ್ಟು ಇರಲಿ, ಕೆಳಗೆ ನೆಲ ಮುಟ್ಟುವಂತಿರಲಿ.

ಪಟ್ಟಿ ಸಿದ್ಧವಾದ ಮೇಲೆ ಚಿತ್ರಗಳಿಲ್ಲದೆ ಕಾರಣದ ಸಾಲುಗಳನ್ನಷ್ಟೇ ಇಲ್ಲಿ ಹಾಕಿ, ಜೊತೆಗೆ ಖಾಲಿ ಹಾಲ್‌ನ ಬೆಳಗಿನ, ಮಧ್ಯಾಹ್ನದ ಮತ್ತು ರಾತ್ರಿಯ ಮೂರು ಫೋಟೋಗಳನ್ನು ಫಿಲ್ಟರ್ ಇಲ್ಲದೆ ಒಂದೇ ಜಾಗದಲ್ಲಿ ನಿಂತು ತೆಗೆದು ಹಾಕಿ, ಕಿಟಕಿಗಳು ಯಾವ ದಿಕ್ಕಿಗೆ ಇವೆಯೆಂಬುದನ್ನೂ ತಿಳಿಸಿ. ಗೋಡೆಯ ಬಣ್ಣಕ್ಕೆ ಎಷ್ಟು ಎಲ್‌ಆರ್‌ವಿ ಸರಿಹೋಗಬಹುದು, ಆ ಗಾಢ ಮರದ ಕಪಾಟಿನ ಪಕ್ಕ ಯಾವ ಸೋಫಾ ಬಟ್ಟೆ ನಿಲ್ಲುತ್ತದೆ ಎಂಬುದನ್ನು ಅವುಗಳನ್ನು ನೋಡಿದ ಮೇಲೆ ಹೇಳುತ್ತೇನೆ.