ವಿಜ್ಞಾನದ ಬೆಳೆಗೆ ಬಿಲ್ಲು ಯಾರು ಕೊಡುತ್ತಾರೆ?

ಓದುಗರ ಪತ್ರ (ಪಾಂಡವಪುರ ತಾಲ್ಲೂಕಿನ ಕಬ್ಬು ಬೆಳೆಗಾರರೊಬ್ಬರು ಬರೆದದ್ದು, ಹೆಸರು ಹಾಕಬೇಡಿ ಎಂದಿದ್ದಾರೆ):

“ನಿಮ್ಮ ಪತ್ರಿಕೆಯಲ್ಲಿ ಬರುವ ವೈದ್ಯಕೀಯ ವಿಜ್ಞಾನಿಗಳ ಮಾತುಕತೆಯನ್ನು ನನ್ನ ಮಗಳು ಒಂದೂ ಬಿಡದೆ ಓದುತ್ತಾಳೆ. ಸೆಕೆಂಡ್ ಪಿಯುಸಿ. ಈಗ ನೀಟ್ ಬರೆಯಲ್ಲ, ಸಂಶೋಧನೆ ಮಾಡ್ತೀನಿ ಅಂತ ಹಟ ಹಿಡಿದು ಕೂತಿದ್ದಾಳೆ. ನಾನೂ ಕೂತು ಓದಿದೆ. ಯಾರು ಏನು ಕಂಡುಹಿಡಿದರು ಅಂತ ಇದೆ, ಅವರ ಮನೆ ಹೇಗೆ ನಡೀತು ಅಂತ ಒಬ್ಬರೂ ಹೇಳಿಲ್ಲ. ಕಬ್ಬು ಹನ್ನೆರಡು ತಿಂಗಳ ಬೆಳೆ. ಇವರದ್ದು ಎಷ್ಟು ವರ್ಷದ ಬೆಳೆ? ಕಾರ್ಖಾನೆ ಕಬ್ಬಿಗೆ ಕೊಡೋ ಹಾಗೆ ಇವರಿಗೆ ಬಿಲ್ಲಿನ ದುಡ್ಡು ಯಾರು ಕೊಡ್ತಾರೆ? ಅದನ್ನು ಹೇಳೋದಾದರೆ ಹೇಳಿ, ಇಲ್ಲದಿದ್ದರೆ ಮಾಲೆ ನಿಲ್ಲಿಸಿ. ಹಳ್ಳಿ ಮಕ್ಕಳ ತಲೆ ಕೆಡಿಸಬೇಡಿ.”

ಸಂಪಾದಕರ ಉತ್ತರ:

ಮಾನ್ಯರೇ,

ನಿಮ್ಮ ಪತ್ರವನ್ನು ಕಚೇರಿಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನೀವು ಕೇಳಿದ್ದಕ್ಕೆ ಉತ್ತರ ನಮ್ಮ ಹತ್ತಿರವೇ ಇತ್ತು. ಅಚ್ಚಿಗೆ ಹೋಗುವ ಮುಂಚೆ ನಾನೇ ಅದನ್ನು ತೆಗೆದುಹಾಕಿದ್ದೆ.

ಮಾಲೆಯ ಮೂರನೆಯ ಕಂತು ನೆನಪಿರಬಹುದು. ಮೈಸೂರಿನ ಸರಸ್ವತಿಪುರಂನಲ್ಲಿರುವ ನಿವೃತ್ತ ಜೀವರಸಾಯನ ವಿಜ್ಞಾನಿ. ಮಕ್ಕಳ ಪೌಷ್ಟಿಕ ಆಹಾರದ ಮೇಲೆ ಮೂವತ್ತು ವರ್ಷ ದುಡಿದವರು. ಅವರೊಂದಿಗಿನ ಮಾತುಕತೆ ಎರಡು ಮಧ್ಯಾಹ್ನ ನಡೆಯಿತು, ನಾವು ಅಚ್ಚು ಹಾಕಿದ್ದು ಎರಡು ಪುಟ. ಪಿಎಚ್‌.ಡಿ. ಮಾಡುವಾಗ ಅವರ ಫೆಲೋಶಿಪ್ ಹಣ ಒಮ್ಮೆ ಏಳು ತಿಂಗಳು ಬರಲೇ ಇಲ್ಲ. ಬಾಡಿಗೆ ಕಟ್ಟಲು ಕೈಬಳೆ ಅಡವಿಟ್ಟರು. ಊರಿಗೆ ಹೋದರೆ ಅವರಪ್ಪ “ಇನ್ನೂ ಓದೋದು ಮುಗೀಲಿಲ್ವೇನವ್ವಾ?” ಎಂದು ಕೇಳುತ್ತಿದ್ದರು, ಅದಕ್ಕೇ ಎರಡು ಹಬ್ಬಕ್ಕೆ ಊರಿಗೇ ಹೋಗಲಿಲ್ಲ. ಇದನ್ನೆಲ್ಲ ಅವರು ಮುಚ್ಚುಮರೆ ಇಲ್ಲದೆ ಹೇಳಿದ್ದರು. ದೊಡ್ಡ ವಿಜ್ಞಾನಿಯ ಬಗ್ಗೆ ಇಂಥದ್ದು ಬರೆದರೆ ಗೌರವಕ್ಕೆ ಕುಂದು ಎಂದುಕೊಂಡು ನಾನು ಕೈಬಿಟ್ಟೆ. ಅದು ತಪ್ಪು. ಈಗ ಅವರ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇನೆ.

ನಿಮ್ಮ ಲೆಕ್ಕಕ್ಕೆ ಬರುತ್ತೇನೆ. ಡಿಗ್ರಿ ಮೂರು ವರ್ಷ, ಎಂ.ಎಸ್ಸಿ. ಎರಡು ವರ್ಷ. ಆಮೇಲೆ ಪಿಎಚ್‌.ಡಿ.ಗೆ ಐದಾರು ವರ್ಷ ಹಿಡಿಯುತ್ತದೆ. ಎಂ.ಎಸ್ಸಿ. ಆದವರು ಬರೆಯುವ ನೆಟ್ ಪರೀಕ್ಷೆಯಲ್ಲಿ (ಇದು ನೀಟ್ ಅಲ್ಲ) ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಸಿಕ್ಕರೆ 2023ರ ಜನವರಿಯಿಂದ ಜಾರಿಗೆ ಬಂದ ದರದಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ನಂತರ 42,000. ಮನೆ ಬಾಡಿಗೆ ಭತ್ಯೆ ಬೇರೆ. ಅಂದರೆ ಪಿಎಚ್‌.ಡಿ. ಶುರುವಾದ ಮೇಲೆ ನಿಮ್ಮ ಕೈಯಿಂದ ಖರ್ಚಿಲ್ಲ, ಆದರೆ ಮನೆಗೆ ಕಳಿಸುವಷ್ಟು ಉಳಿಯುತ್ತದೆ ಎಂದು ನಂಬಬೇಡಿ. ಜೆಆರ್‌ಎಫ್ ಸಿಗದಿದ್ದರೆ ಪರಿಸ್ಥಿತಿ ಇನ್ನೂ ಬಿಗಿ. ಅದಾದ ಮೇಲೂ ಬಹುತೇಕರು ಎರಡು ಮೂರು ವರ್ಷ ಬೇರೊಂದು ಪ್ರಯೋಗಾಲಯದಲ್ಲಿ ತಾತ್ಕಾಲಿಕವಾಗಿ ದುಡಿಯುತ್ತಾರೆ. ಮೂವತ್ತು ದಾಟುವ ಮೊದಲು ಕಾಯಂ ಕೆಲಸ ಸಿಗುವುದು ಅಪರೂಪ. ಎಂಬಿಬಿಎಸ್ ಆದರೆ ಹೌಸ್‌ಮನ್‌ಶಿಪ್ (ಆಸ್ಪತ್ರೆಯ ತರಬೇತಿ) ಸೇರಿ ಐದೂವರೆ ವರ್ಷಕ್ಕೆ ಮುಗಿಯುತ್ತದೆ. ಇದನ್ನು ನಿಮ್ಮ ಮಗಳಿಗೂ ಓದಿ ಹೇಳಿ.

ಹೊರದೇಶದ ಮಹನೀಯರದ್ದೂ ಇದೇ ಪಾಡು. ಕೋವಿಡ್ ಲಸಿಕೆಗೆ ದಾರಿ ಮಾಡಿಕೊಟ್ಟ ಸಂಶೋಧನೆಗಾಗಿ 2023ರಲ್ಲಿ ನೊಬೆಲ್ ಪಡೆದ ಕ್ಯಾಟಲಿನ್ ಕರಿಕೊ ಹಂಗೇರಿಯ ಕಟುಕರೊಬ್ಬರ ಮಗಳು. 1985ರಲ್ಲಿ ಅಮೆರಿಕಕ್ಕೆ ಹೊರಟಾಗ ಇದ್ದಬದ್ದ ಹಣವನ್ನು ಮಗಳ ಗೊಂಬೆ ಕರಡಿಯೊಳಗೆ ಹೊಲಿದುಕೊಂಡು ಹೋದವರು. ಆ ಲಸಿಕೆಗೆ ಮೂಲವಾದ ಎಂಆರ್‌ಎನ್‌ಎ (ಜೀವಕೋಶಕ್ಕೆ ಪ್ರೋಟೀನು ತಯಾರಿಸುವ ಸೂಚನೆ ಒಯ್ಯುವ ಅಣು) ಕುರಿತ ಕೆಲಸಕ್ಕೆ ಯಾರೂ ಅನುದಾನ ಕೊಡಲಿಲ್ಲವೆಂದು 1995ರಲ್ಲಿ ಅವರನ್ನು ಹುದ್ದೆಯಿಂದ ಕೆಳಗಿಳಿಸಲಾಯಿತು. ಹೆಂಡತಿ ದುಡಿಯುವ ಗಂಟೆಗಳನ್ನು ಲೆಕ್ಕ ಹಾಕಿದ ಗಂಡ, ನಿನಗೆ ಗಂಟೆಗೆ ಒಂದು ಡಾಲರ್ ಬೀಳುತ್ತಿದೆ ಎಂದಿದ್ದರಂತೆ. ಸಹ ಸಂಶೋಧಕ ಡ್ರೂ ವೈಸ್‌ಮನ್ ಜೊತೆಗಿನ ಅವರ ಮುಖ್ಯ ಪ್ರಬಂಧ ಬಂದದ್ದು 2005ರಲ್ಲಿ, ಅದು ಜಗತ್ತಿಗೆ ಬೇಕಾದದ್ದು 2020ರಲ್ಲಿ.

ಆದರೆ ಈ ವಿಷಯದಲ್ಲಿ ನನ್ನನ್ನು ಹೆಚ್ಚು ಕಾಡುವವರು ಜೀವರಸಾಯನ ವಿಜ್ಞಾನಿ ಯೆಲ್ಲಾಪ್ರಗಡ ಸುಬ್ಬರಾವ್. 1895ರಲ್ಲಿ ಆಂಧ್ರದ ಭೀಮವರಂನಲ್ಲಿ ಹುಟ್ಟಿದವರು. ಮೆಟ್ರಿಕ್ಯುಲೇಷನ್ ಪಾಸಾದದ್ದು ಮೂರನೆಯ ಸಲ. ಸ್ಪ್ರೂ ಎಂಬ ಕರುಳಿನ ಕಾಯಿಲೆಗೆ ಒಡಹುಟ್ಟಿದವರನ್ನು ಕಳೆದುಕೊಂಡರು. ವೈದ್ಯಕೀಯ ಓದಿ, ಹೆಣ್ಣು ಕೊಟ್ಟ ಮಾವನ ನೆರವಿನಿಂದ 1920ರ ದಶಕದ ಆರಂಭದಲ್ಲಿ ಅಮೆರಿಕದ ಬಾಸ್ಟನ್ ತಲುಪಿದರು, ಅಲ್ಲಿ ವೈದ್ಯವೃತ್ತಿಗೆ ಪರವಾನಗಿ ಇಲ್ಲ. ಓದಿನ ಖರ್ಚಿಗೆ ರಾತ್ರಿ ಹೊತ್ತು ಆಸ್ಪತ್ರೆಯಲ್ಲಿ ರೋಗಿಗಳ ಮಲಮೂತ್ರದ ಪಾತ್ರೆ ತೊಳೆದರು. ಹಾರ್ವರ್ಡ್‌ನಲ್ಲಿ ಫಿಸ್ಕ್ ಜೊತೆ ಸೇರಿ 1925ರಲ್ಲಿ ರಂಜಕ (ಫಾಸ್ಫರಸ್) ಅಳೆಯುವ ವಿಧಾನ ರೂಪಿಸಿದರು, ಜೀವರಸಾಯನದವರು ಅದನ್ನು ಇವತ್ತಿಗೂ ಇಬ್ಬರ ಹೆಸರಿನಲ್ಲೇ ಕರೆಯುತ್ತಾರೆ. ಆದರೂ ಅಲ್ಲಿ ಕಾಯಂ ಆಗಲಿಲ್ಲ. 1940ರಲ್ಲಿ ಲೆಡರ್ಲೆ ಔಷಧ ಕಂಪನಿ ಸೇರಿದರು. ಅಲ್ಲಿ ಅವರ ತಂಡ ಫೋಲಿಕ್ ಆಮ್ಲ ತಯಾರಿಸುವ ದಾರಿ ಕಂಡುಕೊಂಡಿತು. ಒಡಹುಟ್ಟಿದವರನ್ನು ಕೊಂದ ಸ್ಪ್ರೂಗೆ ಅದು ಮದ್ದು. ನಿಮ್ಮೂರಲ್ಲಿ ಆಶಾ ಕಾರ್ಯಕರ್ತೆ ಬಸುರಿಯರಿಗೆ ಕೊಡುವ ಕಬ್ಬಿಣಾಂಶದ ಮಾತ್ರೆಯಲ್ಲೂ ಅದೇ ಇದೆ. ಕಲಬುರಗಿ, ಬೀದರ್ ಕಡೆ ಆನೆಕಾಲು ರೋಗಕ್ಕೆ ಮನೆಮನೆಗೆ ಹೋಗಿ ನುಂಗಿಸಿದ ಡಿಇಸಿ ಮಾತ್ರೆ ಬಂದದ್ದೂ ಅವರ ತಂಡದ ಕೆಲಸದಿಂದಲೇ.

1948ರಲ್ಲಿ, 53ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಹೋದವರು ಮತ್ತೆ ಇಂಡಿಯಾಕ್ಕೆ ಬರಲೇ ಇಲ್ಲ. ಹೊರಡುವಾಗ ಹೆಂಡತಿ ಶೇಷಗಿರಿ ಬಸುರಿ. ಹುಟ್ಟಿದ ಗಂಡುಮಗು ಕೂಸಾಗಿದ್ದಾಗಲೇ ತೀರಿಹೋಯಿತು, ಅಪ್ಪ ಮುಖ ನೋಡಲಿಲ್ಲ. ಆ ಹೆಣ್ಣುಮಗಳು ಕಾಯುತ್ತಲೇ ಇದ್ದರು. ಬಿಲ್ಲು ಯಾರು ಕೊಡುತ್ತಾರೆ ಎಂದು ನೀವು ಕೇಳಿದಾಗ ನನಗೆ ಮೊದಲು ನೆನಪಾದದ್ದು ಅವರು. ಆ ಮನೆಯ ಬಿಲ್ಲು ಕೊಟ್ಟವರು ಅವರೇ ಎಂದು ನಾನು ತಿಳಿದಿದ್ದೇನೆ.

ಇನ್ನು ಮಾಲೆ ನಿಲ್ಲಿಸಿ ಎಂದಿರಿ. ಅದೊಂದು ಮಾತಿಗೆ ನಾನು ಒಪ್ಪಲಾರೆ. ಕಲ್ಕತ್ತದ ವಿಜ್ಞಾನಿ ಶಂಭುನಾಥ್ ಡೇ ಕಾಲರಾ ಹೇಗೆ ಕೊಲ್ಲುತ್ತದೆ ಎಂಬುದನ್ನು 1959ರಲ್ಲೇ ತೋರಿಸಿಕೊಟ್ಟರು. ಮೊಲದ ಕರುಳಿನ ಒಂದು ತುಂಡನ್ನು ಎರಡೂ ಕಡೆ ದಾರದಿಂದ ಕಟ್ಟಿ, ಒಳಗೆ ಕಾಲರಾ ರೋಗಾಣು ಬೆಳೆದ ರಸವನ್ನು ಮಾತ್ರ, ರೋಗಾಣುಗಳನ್ನೆಲ್ಲ ಸೋಸಿ ತೆಗೆದು, ಬಿಟ್ಟರು. ಕರುಳು ಕಲಗಚ್ಚಿನಂಥ ನೀರು ತುಂಬಿ ಊದಿಕೊಂಡಿತು. ಕೊಲ್ಲುವುದು ರೋಗಾಣು ಉಗುಳುವ ವಿಷ, ಸಾಯುವುದು ಮೈಯ ನೀರೆಲ್ಲ ಹರಿದುಹೋಗಿ ಎಂದು ಗೊತ್ತಾಯಿತು. ಇಷ್ಟಾದರೂ ನಮ್ಮ ದೇಶದಲ್ಲಿ ಅವರನ್ನು ಮಾತಾಡಿಸಿದವರು ಬಹಳ ಕಡಿಮೆ. 1978ರಲ್ಲಿ ಸ್ವೀಡನ್ನಿನಿಂದ ಕಾಲರಾ ಕುರಿತ ನೊಬೆಲ್ ವಿಚಾರ ಸಂಕಿರಣಕ್ಕೆ ಕರೆ ಬಂತು. 1985ರಲ್ಲಿ ತೀರಿಕೊಂಡರು. ‘ಕರೆಂಟ್ ಸೈನ್ಸ್’ ಪತ್ರಿಕೆ ಅವರಿಗೆಂದೇ ವಿಶೇಷ ಸಂಚಿಕೆ ತಂದದ್ದು 1990ರಲ್ಲಿ. ಅಷ್ಟು ಹೊತ್ತಿಗೆ ಕೇಳುವುದಕ್ಕೆ ಅವರಿರಲಿಲ್ಲ. ಮೈಸೂರಿನ ಯಾದವಗಿರಿ, ಕುವೆಂಪುನಗರ, ಜಯಲಕ್ಷ್ಮಿಪುರಂ ಬೀದಿಗಳಲ್ಲಿ ಇಂಥ ಎಷ್ಟೋ ಹಿರಿಯರು ಸಂಜೆ ತರಕಾರಿ ಚೀಲ ಹಿಡಿದು ನಡೆಯುತ್ತಾರೆ. ಅವರಿರುವಾಗಲೇ ಬಾಗಿಲು ತಟ್ಟಬೇಕು. ಇದರಲ್ಲಿ ನನ್ನ ಮನಸ್ಸು ಬದಲಾಗದು.

ಆದರೆ ಕೇಳುವ ರೀತಿ ಬದಲಾಗುತ್ತದೆ. ಮುಂದಿನ ಸಂಚಿಕೆಯಿಂದ ಪ್ರತಿಯೊಬ್ಬರಿಗೂ, ಆ ವರ್ಷಗಳಲ್ಲಿ ಮನೆ ಹೇಗೆ ನಡೆಯಿತು ಎಂದು ಕೇಳುತ್ತೇವೆ. ಹೆಸರು ಅಚ್ಚಾಗದ ಯಾರು ನಿಮ್ಮ ಕೆಲಸಕ್ಕೆ ಹೆಗಲು ಕೊಟ್ಟರು ಎಂದೂ ಕೇಳುತ್ತೇವೆ. ಎರಡನೆಯ ಪ್ರಶ್ನೆ ಹುಟ್ಟಿದ್ದೂ ಸರಸ್ವತಿಪುರಂನ ಆ ವಿಜ್ಞಾನಿಯ ಮನೆಯ ಜಗಲಿಯಲ್ಲೇ. ಪ್ರೋಟೀನಿನ ಗುಣ ಅಳೆಯಲು ಹಾಲು ಬಿಟ್ಟ ಇಲಿಮರಿಗಳಿಗೆ ನಾಲ್ಕು ವಾರ ಒಂದೇ ಆಹಾರ ಕೊಟ್ಟು, ತಿಂದದ್ದೆಷ್ಟು, ತೂಕ ಏರಿದ್ದೆಷ್ಟು ಎಂದು ಬರೆದಿಡಬೇಕು. ಇಲಿಗೆ ಭಾನುವಾರ ಗೊತ್ತಿಲ್ಲ. ಊರಿಗೆ ಊರೇ ಜಂಬೂ ಸವಾರಿ ನೋಡಲು ನಿಂತಿದ್ದಾಗ ಇವರು ತಕ್ಕಡಿಯ ಮುಂದೆ ಕೂತಿದ್ದರು. ಒಂದು ಗುಂಪಿನ ಇಲಿಗಳು ಚೆನ್ನಾಗಿ ತಿಂದರೂ ಬೆಳೆಯುತ್ತಿಲ್ಲ ಎಂದು ಆರು ತಿಂಗಳು ತಲೆ ಕೆಡಿಸಿಕೊಂಡರು. ಕೊನೆಗೆ ಪಂಜರ ತೊಳೆಯುವಾತ ಬಂದು ಹೇಳಿದ: “ಮೇಡಮ್ಮಾರೆ, ಇವು ತಿಂತಿಲ್ಲ, ಕೆದಕಿ ಚೆಲ್ತವೆ.” ಚೆಲ್ಲಿದ್ದನ್ನು ಗುಡಿಸಿ ತೂಗಿದ ಮೇಲೆ ಆರು ತಿಂಗಳ ಲೆಕ್ಕವನ್ನೆಲ್ಲ ಹೊಡೆದುಹಾಕಿ ಮತ್ತೆ ಮೊದಲಿಂದ ಶುರು ಮಾಡಿದರು. ಆತನ ಹೆಸರು ಪ್ರಬಂಧದಲ್ಲಿ ಇಲ್ಲ. ಅವರಿಗೆ ಅದು ಈಗಲೂ ನೋವು.

ನಿಮ್ಮ ಪತ್ರವನ್ನು ಅವರಿಗೂ ಓದಿ ಹೇಳಿದೆ. “ಆ ಹುಡುಗಿ ನೀಟ್ ಬರೀಲಿ, ಬರೆದು ಇಟ್ಕೊಂಡಿರಲಿ. ಸಂಶೋಧನೆ ಬೇಕೋ ಬೇಡವೋ ಅಂತ ತೀರ್ಮಾನ ಮಾಡೋ ಮೊದಲು ಒಂದು ದಿನ ನನ್ನ ಜೊತೆ ಕೂತ್ಕೊಳ್ಳಲಿ. ಅವರಮ್ಮನ್ನೂ ಕರ್ಕೊಂಡು ಬರಲಿ, ಅವರಿಗೂ ಕೇಳೋದಿರತ್ತೆ,” ಎಂದರು. ವಿಳಾಸ, ಫೋನ್ ನಂಬರ್ ಬೇರೆ ಲಕೋಟೆಯಲ್ಲಿ ನಿಮಗೆ ಕಳಿಸಿದ್ದೇನೆ. ಯಾವ ಭಾನುವಾರವಾದರೂ ಸರಿ, ಹತ್ತು ಗಂಟೆಯ ಮೇಲೆ. ಮಧ್ಯಾಹ್ನದ ಊಟ ಅಲ್ಲೇ.